ನೂರಕ್ಕೆ 99 ಮಕ್ಕಳು ಪಾಸಾಗುವ ಕಡೆ ಓದು ಯಾಕೆ ಕುಸಿಯಿತು?

ಕಾಸರಗೋಡಿನವರು ಎಂದ ಕೂಡಲೇ ಬೆಂಗಳೂರು, ಮೈಸೂರು ಕಡೆಯವರು ಹೇಳುವ ಮಾತು ಒಂದುಂಟು. "ನಿಮಗೇನು ಬಿಡಿ, ಕೇರಳದಲ್ಲಿದ್ದೀರಿ. ಅಲ್ಲಿ ಶಾಲೆ ಚೆನ್ನಾಗಿದೆ, ಎಲ್ಲರೂ ಪಾಸು." ನೀವೂ ಹಾಗೇ ಕೇಳಿದ್ದೀರಿ. ಹಾಗಿದ್ದ ಮೇಲೆ ಓದಿನ ಮಟ್ಟ ಬಿದ್ದುಹೋಯಿತು ಎಂದು ನಾವು ಯಾಕೆ ಕೊರಗುತ್ತೇವೆ, ಅದಕ್ಕೆ ಯಾರು ಹೊಣೆ ಎಂದೂ ಕೇಳಿದ್ದೀರಿ. ಸ್ವಲ್ಪ ಉದ್ದವಾದೀತು, ಆದರೂ ಪೂರ್ತಿ ಹೇಳುತ್ತೇನೆ.

ಮೊದಲು ಆ ಪಾಸಿನ ಲೆಕ್ಕ ನೋಡೋಣ. ಕೇರಳದ ಎಸ್ಸೆಸ್ಸೆಲ್ಸಿ ಫಲಿತಾಂಶ 2023ರಲ್ಲಿ ಶೇ. 99.70, 2024ರಲ್ಲಿ ಶೇ. 99.69, 2025ರಲ್ಲಿ ಶೇ. 99.5. ಇದು ಹೇಗೆ ಬರುತ್ತದೆ ಗೊತ್ತಾ? 100 ಅಂಕದ ವಿಷಯದಲ್ಲಿ ಬರೆಯುವ ಪರೀಕ್ಷೆಗೆ 80. ಉಳಿದ 20 ಶಾಲೆಯಲ್ಲೇ ಕೊಡುವ ಅಂಕ, ನಾವು ಅದನ್ನು ಸಿಇ ಮಾರ್ಕ್ ಎನ್ನುತ್ತೇವೆ. ಮಗು ವರ್ಷವಿಡೀ ಮಾಡಿದ ಪ್ರಾಜೆಕ್ಟ್, ಕ್ಲಾಸ್ ಟೆಸ್ಟ್, ಚಟುವಟಿಕೆ ಎಲ್ಲ ನೋಡಿ ಕೊಡಬೇಕಾದ್ದು. ಆದರೆ 20ಕ್ಕೆ 20, ಇಲ್ಲವಾದರೆ 19 ಎಂಬುದೇ ರೂಢಿಯಾಗಿಬಿಟ್ಟಿದೆ. ಈ ವರ್ಷಗಳಲ್ಲಿ ಪಾಸಾಗಲು ಒಟ್ಟು 30 ಬೇಕಿತ್ತು. ಅಂದರೆ 80ರ ಪೇಪರಿನಲ್ಲಿ ಬರೀ 10 ಬಂದರೆ ಸಾಕಿತ್ತು. ಕೈಗೆ ಸಿಕ್ಕಿದ್ದನ್ನು ಬರೆದು ಬಂದ ಮಗುವಿಗೂ 10 ಸಿಗುತ್ತದೆ.

ಇದು ನನ್ನೊಬ್ಬನ ದೂರಲ್ಲ. 2023ರ ಕೊನೆಗೆ ಕೇರಳದ ಶಿಕ್ಷಣ ಇಲಾಖೆಯ ನಿರ್ದೇಶಕರೇ, ಸರಿಯಾಗಿ ಓದಲು ಬರೆಯಲು ಬಾರದ ಮಕ್ಕಳಿಗೂ ಎ ಪ್ಲಸ್ ಹೋಗುತ್ತಿದೆ ಎಂಬ ಅರ್ಥದಲ್ಲಿ ಸಭೆಯೊಂದರಲ್ಲಿ ಮಾತಾಡಿದ್ದು ಹೊರಗೆ ಬಂತು. ದೊಡ್ಡ ಗಲಾಟೆಯಾಯಿತು. ಅದು ಸರಕಾರದ ಅಭಿಪ್ರಾಯವಲ್ಲ ಎಂದು ಮಂತ್ರಿಗಳು ಹೇಳಿದರು. ಆದರೆ ಮರುವರ್ಷವೇ ಅದೇ ಸರಕಾರ ಬರೆಯುವ ಪರೀಕ್ಷೆಯಲ್ಲೂ ಪ್ರತಿ ವಿಷಯಕ್ಕೆ ಶೇ. 30 ಕಡ್ಡಾಯ ಎಂಬ ನಿಯಮ ತಂದಿತು. 2024-25ರಲ್ಲಿ 8ನೇ ತರಗತಿಗೆ, ಮುಂದಿನ ವರ್ಷ 9ಕ್ಕೆ, 2026-27ರಲ್ಲಿ ಎಸ್ಸೆಸ್ಸೆಲ್ಸಿಗೆ ಎಂದು ತೀರ್ಮಾನ. ತಪ್ಪು ಇರಲಿಲ್ಲವಾದರೆ ಈ ನಿಯಮ ಯಾಕೆ ಬೇಕಿತ್ತು?

ಇಡೀ ಕೇರಳದ ಕತೆ ಇದಾಯಿತು. ಇದರೊಳಗೆ ನಮ್ಮ ಕನ್ನಡ ಶಾಲೆಗಳ ಕತೆ ಬೇರೆ ಉಂಟು, ಅದು ಹೊರಗಿನವರಿಗೆ ಕಾಣುವುದೇ ಇಲ್ಲ.

1956ರ ನವೆಂಬರ್ 1ಕ್ಕೆ ಮೊದಲು ಕಾಸರಗೋಡು ದಕ್ಷಿಣ ಕನ್ನಡದ ಒಂದು ತಾಲೂಕು. ರಾಜ್ಯಗಳನ್ನು ಹೊಸದಾಗಿ ಮಾಡಿದಾಗ ಕೇರಳದ ಪಾಲಾಯಿತು. ಚಂದ್ರಗಿರಿ ಹೊಳೆಯಿಂದ ಉತ್ತರಕ್ಕಿರುವ ಭಾಗವನ್ನು ಕರ್ನಾಟಕಕ್ಕೆ ಕೊಡಬೇಕು ಎಂದು 1967ರಲ್ಲಿ ಮಹಾಜನ ಆಯೋಗ ಹೇಳಿತು, ಯಾರೂ ಕೊಡಲಿಲ್ಲ. ಅದೆಲ್ಲ ನಿಮಗೆ ಗೊತ್ತಿರಬಹುದು. ಗೊತ್ತಿಲ್ಲದ ವಿಷಯ ಒಂದುಂಟು. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಕನ್ನಡ ಶಾಲೆಗೆ ಬರುವ ಮಕ್ಕಳಲ್ಲಿ ತುಳು ಮಾತಾಡುವವರು, ಬ್ಯಾರಿ ಮಾತಾಡುವವರು, ಕೊಂಕಣಿ, ಮರಾಠಿ, ಹವ್ಯಕ ಕನ್ನಡ, ಮಲಯಾಳ ಮಾತಾಡುವವರು ಎಲ್ಲರೂ ಇದ್ದಾರೆ. ಪುಸ್ತಕದ ಕನ್ನಡ ಇವರಲ್ಲಿ ಹೆಚ್ಚಿನವರ ಮನೆಯಲ್ಲಿ ಇಲ್ಲ. ಅಂಗಡಿಯ ಬೋರ್ಡು, ಬಸ್ಸಿನ ಬೋರ್ಡು, ಪಂಚಾಯತಿನ ಕಾಗದ ಎಲ್ಲ ಮಲಯಾಳಕ್ಕೆ ತಿರುಗಿ ಎಷ್ಟೋ ಕಾಲವಾಯಿತು. ನಿಮ್ಮ ಕಡೆಯ ಮಗುವಿಗೆ ಕನ್ನಡ ಬೀದಿಯಲ್ಲಿ, ಟಿವಿಯಲ್ಲಿ, ಬಸ್ಸಿನಲ್ಲಿ ಸಿಗುತ್ತದೆ. ನಮ್ಮ ಮಗುವಿಗೆ ಸಿಗುವುದು ಹೆಚ್ಚಾಗಿ ಟೀಚರ ಬಾಯಿಂದಲೇ. ಹಾಗಾಗಿ ನಮ್ಮಲ್ಲಿ ಟೀಚರ್ ಯಾರು ಎಂಬುದು ಬೇರೆ ಎಲ್ಲದಕ್ಕಿಂತ ದೊಡ್ಡ ವಿಷಯ.

ಅಲ್ಲೇ ಪೆಟ್ಟು ಬಿದ್ದದ್ದು.

ಸರಕಾರಿ ಹೈಸ್ಕೂಲಿನ ಕನ್ನಡ ಡಿವಿಷನ್‌ಗೆ, ಅಂದರೆ ಕನ್ನಡದಲ್ಲಿ ಕಲಿಯುವ ತರಗತಿಗೆ, ಸರಕಾರಿ ನೇಮಕಾತಿ ನಡೆಸುವ ಪಿಎಸ್‌ಸಿ ಮೂಲಕ ಗಣಿತದ ಟೀಚರ್ ಬರುತ್ತಾರೆ ಎಂದುಕೊಳ್ಳಿ. ರ‍್ಯಾಂಕ್ ಚೆನ್ನಾಗಿದೆ, ವಿಷಯ ಗೊತ್ತು. ಕನ್ನಡ ಬರುವುದಿಲ್ಲ. ಕಾಗದದಲ್ಲಿ ಮಾತ್ರ ಕನ್ನಡ ಗೊತ್ತು ಎಂದಿರುತ್ತದೆ. ಬೋರ್ಡಿನಲ್ಲಿ ಒಂದು ವೃತ್ತ ಬರೆಯುತ್ತಾರೆ. ತ್ರಿಜ್ಯ 5, ಕೇಂದ್ರದಿಂದ ಜ್ಯಾಕ್ಕೆ ದೂರ 3, ಜ್ಯಾದ ಉದ್ದ 8. ಮಕ್ಕಳು ಚಂದಕ್ಕೆ ನೋಟ್ ಬುಕ್ಕಿಗೆ ಇಳಿಸುತ್ತಾರೆ. 8 ಯಾಕೆ ಬಂತು? ಅರ್ಧ ಜ್ಯಾ, ತ್ರಿಜ್ಯ, ದೂರ ಸೇರಿ ಒಂದು ಲಂಬಕೋನ ತ್ರಿಕೋನ ಆಗುತ್ತದೆ ಎಂಬುದನ್ನು ಬಾಯಿಬಿಟ್ಟು ಹೇಳಬೇಕು. ಒಂದು ಸಲ ಹೇಳಿ ಅರ್ಥವಾಗದವನಿಗೆ ಬೇರೆ ರೀತಿಯಲ್ಲಿ ಹೇಳಬೇಕು. ಮಗು ತಪ್ಪು ಪ್ರಶ್ನೆ ಕೇಳಿದರೂ ಆ ಪ್ರಶ್ನೆಯೊಳಗೆ ಏನು ಗೊಂದಲ ಉಂಟು ಎಂದು ಹಿಡಿಯಬೇಕು. ಇದ್ಯಾವುದೂ ಅಲ್ಲಿ ನಡೆಯುವುದಿಲ್ಲ. ಮರುದಿನ ತ್ರಿಜ್ಯ 13, ದೂರ 5 ಎಂದು ಕೊಟ್ಟರೆ ಅದೇ ಮಗು ಸುಮ್ನೆ ಕೂತಿರುತ್ತದೆ. ಕೆಲವು ತಿಂಗಳಲ್ಲಿ ಅದು ಪ್ರಶ್ನೆ ಕೇಳುವುದನ್ನೇ ಬಿಡುತ್ತದೆ. ನನಗೆ ಎಲ್ಲಕ್ಕಿಂತ ಜಾಸ್ತಿ ಸಂಕಟವಾಗುವುದು ಇದಕ್ಕೇ. ಅಂಕ ಕಡಿಮೆಯಾದರೆ ಮುಂದಿನ ವರ್ಷ ಸರಿ ಮಾಡಬಹುದು. ಕೇಳುವ ಅಭ್ಯಾಸ ಹೋದ ಮಗುವನ್ನು ಮತ್ತೆ ಕೇಳುವಂತೆ ಮಾಡುವುದು ತುಂಬ ಕಷ್ಟ.

ಇಂಥ ನೇಮಕ ಆದಾಗ ಪೋಷಕರು ಗೇಟಿನ ಮುಂದೆ ಕೂತಿದ್ದಾರೆ. ಮಕ್ಕಳು ಕ್ಲಾಸ್ ಬಿಟ್ಟು ಹೊರಗೆ ಬಂದಿದ್ದಾರೆ. ಕೋರ್ಟಿಗೆ ಹೋದದ್ದುಂಟು. ಟೀಚರನ್ನು ಕನ್ನಡ ಕಲಿಯಲು ಮೈಸೂರಿಗೆ ಕಳಿಸಿದ್ದೂ ಉಂಟು. ಕೆಲವೇ ತಿಂಗಳು ಕಲಿತ ಭಾಷೆಯಲ್ಲಿ ಹತ್ತನೇ ತರಗತಿಗೆ ಸಮಾಜ, ಗಣಿತ ಹೇಳಿಕೊಡಿ ಎಂದರೆ ಆ ಟೀಚರಿಗೂ ಅನ್ಯಾಯವೇ ಅಲ್ವಾ? ನಾನು ಅವರನ್ನು ಬಯ್ಯುವುದಿಲ್ಲ. ಕೆಲಸ ಬೇಕಿತ್ತು, ಅರ್ಜಿ ಹಾಕಿದರು, ಸಿಕ್ಕಿತು. ಕನ್ನಡದಲ್ಲಿ ಹತ್ತು ನಿಮಿಷ ಪಾಠ ಮಾಡಿಸಿ ನೋಡದೆ ಹುದ್ದೆ ಕೊಟ್ಟವರನ್ನು ನಾನು ಮೊದಲ ಹೊಣೆಗಾರರು ಎನ್ನುತ್ತೇನೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಬೇಕಾದ ಸೌಕರ್ಯ ಮಾಡಿಕೊಡಬೇಕು ಎಂದು ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಬಗ್ಗೆ ಹೇಳುತ್ತದೆ. ಆ ವಿಧಿ ಸೇರಿದ್ದು ಕೂಡ 1956ರಲ್ಲೇ, ನಮ್ಮನ್ನು ಆಚೆಗೆ ಹಾಕಿದ ಅದೇ ವರ್ಷ. ಬೆಂಚು, ಗೋಡೆ, ಸ್ಮಾರ್ಟ್ ಬೋರ್ಡು ಎಲ್ಲ ಕೊಟ್ಟಿದ್ದಾರೆ, ನಿಜ. ಕೇರಳ ಶಾಲೆಗಳ ಕಟ್ಟಡಕ್ಕೆ ಮಾಡಿದ ಖರ್ಚನ್ನು ನಾನು ಮೆಚ್ಚುತ್ತೇನೆ. ಆದರೆ ಮಗುವಿಗೆ ಅರ್ಥವಾಗುವ ಭಾಷೆಯಲ್ಲಿ ಮಾತಾಡುವ ಟೀಚರ್ ಇಲ್ಲದಿದ್ದರೆ ಆ ಸ್ಮಾರ್ಟ್ ಬೋರ್ಡನ್ನು ಏನು ಮಾಡುವುದು?

ಪುಸ್ತಕದ್ದೂ ಹೀಗೇ. ಪಾಠ ಮೊದಲು ಮಲಯಾಳದಲ್ಲಿ ತಯಾರಾಗುತ್ತದೆ, ಆಮೇಲೆ ಕನ್ನಡಕ್ಕೆ ಬರುತ್ತದೆ. ಅವಸರದಲ್ಲಿ ಮಾಡಿದ ಅನುವಾದ ಓದಿದರೆ ದೊಡ್ಡವರಿಗೇ ತಲೆ ಬುಡ ಗೊತ್ತಾಗುವುದಿಲ್ಲ. 2020ರ ಜೂನ್ 1ಕ್ಕೆ ಕೊರೋನಾ ಕಾಲದ ಟಿವಿ ಪಾಠ ಶುರುವಾದಾಗಲೂ ಮೊದಲು ಬಂದದ್ದು ಮಲಯಾಳದ ಪಾಠಗಳೇ, ನಮ್ಮದು ಆಮೇಲೆ. ಟೀಚರುಗಳ ತರಬೇತಿ, ಸುತ್ತೋಲೆ ಎಲ್ಲ ಮಲಯಾಳದಲ್ಲಿ. 2017ರಲ್ಲಿ ಮಲಯಾಳ ಕಲಿಕೆ ಕಡ್ಡಾಯ ಎಂಬ ಕಾನೂನು ಬಂದಾಗ ಇಲ್ಲಿ ಜನ ಬೀದಿಗೆ ಇಳಿದರು. ಇಲ್ಲಿ ಬದುಕುವ ಮಕ್ಕಳಿಗೆ ಮಲಯಾಳ ಬೇಕು, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಮನೆಯಲ್ಲಿ ತುಳು ಮಾತಾಡಿ, ಶಾಲೆಯಲ್ಲಿ ಕನ್ನಡ, ಇಂಗ್ಲಿಷ್, ಹಿಂದಿ ಕಲಿಯುವ ಸಣ್ಣ ಮಗುವಿಗೆ ಇನ್ನೊಂದು ಲಿಪಿ ಸೇರಿದಾಗ ಯಾವುದಕ್ಕೆ ಎಷ್ಟು ಹೊತ್ತು ಉಳಿಯುತ್ತದೆ ಎಂದು ಕೂತು ಲೆಕ್ಕ ಹಾಕಿದವರು ಯಾರು?

ಏಡೆಡ್ ಶಾಲೆಗಳ ಮಾತನ್ನೂ ಬಿಡುವ ಹಾಗಿಲ್ಲ. ನಮ್ಮ ಎಷ್ಟೋ ಕನ್ನಡ ಶಾಲೆಗಳು ಏಡೆಡ್. ಟೀಚರನ್ನು ನೇಮಿಸುವುದು ಮ್ಯಾನೇಜರ್, ಸಂಬಳ ಕೊಡುವುದು ಸರಕಾರ. ಮುಖ್ಯವಾಗಿ ಈ ಏರ್ಪಾಡಿನಿಂದಲೇ ಕನ್ನಡ ಬಲ್ಲ ಟೀಚರುಗಳು ಇಲ್ಲಿ ಉಳಿದದ್ದು, ಅದನ್ನು ಒಪ್ಪಬೇಕು. ಆದರೆ ಹುದ್ದೆಗೆ ದುಡ್ಡು ಕೊಡಬೇಕು ಎಂಬುದು ಕೇರಳದಲ್ಲಿ ಯಾರಿಗೂ ಹೊಸ ಸಂಗತಿಯಲ್ಲ. ದುಡ್ಡು ಇದ್ದವರಿಗೆ ಸಿಗುವ ಕೆಲಸ ಚೆನ್ನಾಗಿ ಕಲಿಸುವವರಿಗೇ ಸಿಗುತ್ತದೆ ಎಂದು ಹೇಳಲು ಬರುವುದಿಲ್ಲ. ಸಾಲ ಮಾಡಿ ದುಡ್ಡು ಕೊಟ್ಟು ಸೇರಿದವರಿಗೆ ಕ್ಲಾಸಿಗಿಂತ ಡಿವಿಷನ್ ಉಳಿಯುವುದೇ ದೊಡ್ಡ ಚಿಂತೆ. ಶಾಲೆ ಶುರುವಾದ ಆರನೇ ದಿನ ಮಕ್ಕಳ ತಲೆ ಎಣಿಸುತ್ತಾರೆ. ಸಂಖ್ಯೆ ಕಡಿಮೆಯಾದರೆ ಡಿವಿಷನ್ ಹೋಯಿತು, ಹುದ್ದೆಯೂ ಹೋಯಿತು. ಹಾಗಾಗಿ ಬೇಸಿಗೆ ರಜೆಯಲ್ಲಿ ಮಾಷ್ಟ್ರು, ಟೀಚರುಗಳು ಮನೆ ಮನೆಗೆ ಹೋಗಿ ಮಕ್ಕಳನ್ನು ಕರೆಯುತ್ತಾರೆ. ಹೀಗೆ ಕರೆದು ತಂದ ಮಗುವಿನ ಅಪ್ಪ ಅಮ್ಮನಿಗೆ "ನಿಮ್ಮ ಮಗನಿಗೆ ಓದಲು ಬರುವುದಿಲ್ಲ" ಎಂದು ಹೇಳುವ ಧೈರ್ಯ ಯಾರಿಗಿದೆ? ಹೇಳಿದರೆ ಅವರು ಬೇರೆ ಶಾಲೆಗೆ ಹಾಕುತ್ತಾರೆ.

ಹಿಂದೆ ಹೀಗಿರಲಿಲ್ಲ ಎಂದು ಹಿರಿಯರು ಹೇಳುವಾಗ ಅದರಲ್ಲಿ ಸ್ವಲ್ಪ ಹಳೆಯದರ ಮೇಲಿನ ಪ್ರೀತಿಯೂ ಇರುತ್ತದೆ. ಆಗ ಎಷ್ಟೋ ಮಕ್ಕಳು ನಾಲ್ಕನೇ ಕ್ಲಾಸಿಗೇ ಶಾಲೆ ಬಿಡುತ್ತಿದ್ದರು, ಅದನ್ನು ಮರೆಯಬಾರದು. ಆದರೂ ಒಂದು ಮಾತು ಸತ್ಯ. ಕಯ್ಯಾರ ಕಿಞ್ಞಣ್ಣ ರೈಗಳಂಥವರು ಇಲ್ಲೇ ಪೆರಡಾಲದ ಹೈಸ್ಕೂಲಿನಲ್ಲಿ ಮಾಷ್ಟ್ರಾಗಿದ್ದರು. ಕವಿ, ಹೋರಾಟಗಾರ, ರಾಷ್ಟ್ರ ಪ್ರಶಸ್ತಿ ಪಡೆದ ಅಧ್ಯಾಪಕ. ಅಂಥವರ ಕ್ಲಾಸಿನಲ್ಲಿ ಕೂತವರು ಇವತ್ತಿಗೂ ನೆಟ್ಟಗೆ ಒಂದು ಪತ್ರ ಬರೆಯುತ್ತಾರೆ. ಈಗಲೂ ಒಳ್ಳೆಯ ಟೀಚರುಗಳಿದ್ದಾರೆ. ಆದರೆ ಅವರಿಗೆ ಕ್ಲಾಸಿನಲ್ಲಿರಲು ಬಿಡುವುದಿಲ್ಲ. ಮಧ್ಯಾಹ್ನದ ಊಟದ ಲೆಕ್ಕ, ಮತದಾರರ ಪಟ್ಟಿಯ ಕೆಲಸ, ಆನ್‌ಲೈನಿನಲ್ಲಿ ತುಂಬಿಸುವ ವಿವರ, ಎಲ್ಲ ಅವರ ಮೇಲೆ. ಖಾಲಿ ಹುದ್ದೆಗೆ ದಿನಗೂಲಿ ಮೇಲೆ ಬರುವ ಹುಡುಗ ಹುಡುಗಿಯರು ಪಾಪ ಮುಂದಿನ ವರ್ಷ ಇರುತ್ತೇವೋ ಇಲ್ಲವೋ ಎಂದು ಗೊತ್ತಿಲ್ಲದೆ ಪಾಠ ಮಾಡುತ್ತಾರೆ.

ಈಗ ನಮ್ಮ ವಿಷಯ. ಇದನ್ನು ಹೇಳಿದರೆ ನಮ್ಮವರಿಗೇ ಕೋಪ ಬರುತ್ತದೆ, ಆದರೂ ಹೇಳುತ್ತೇನೆ. ಕನ್ನಡ ಶಾಲೆಯನ್ನು ಮೊದಲು ಬಿಟ್ಟು ಹೋದವರು ಕನ್ನಡಿಗರೇ. ಸ್ವಲ್ಪ ಅನುಕೂಲ ಇದ್ದವರು, ಓದಿದವರು, ಕನ್ನಡದ ಸಭೆಯಲ್ಲಿ ಮಾತಾಡುವವರು ಎಲ್ಲ ಮಕ್ಕಳನ್ನು ಇಂಗ್ಲಿಷ್ ಮೀಡಿಯಮ್ಮಿಗೆ ಹಾಕಿದರು. ಶಾಲೆಯನ್ನು ಪ್ರಶ್ನಿಸುವ ಶಕ್ತಿ ಇದ್ದ ಪೋಷಕರು ಹೋದರು. ಉಳಿದದ್ದು ತೋಟದ ಕೆಲಸಕ್ಕೆ, ಬೀಡಿ ಕಟ್ಟಲು ಹೋಗುವವರ ಮಕ್ಕಳು. ಆ ಅಪ್ಪ ಅಮ್ಮನಿಗೆ ಪಿಟಿಎ ಮೀಟಿಂಗಿನಲ್ಲಿ ಎದ್ದು ನಿಂತು ಕೇಳಲು ಹೆದರಿಕೆ. ಶಿಕ್ಷಣ ಇಲಾಖೆಯ ಎಇಒ ಆಫೀಸಿಗೆ ಮಲಯಾಳದಲ್ಲಿ ಅರ್ಜಿ ಬರೆಯಲು ಬರುವುದಿಲ್ಲ. ಕೇಳುವವರಿಲ್ಲದ ಶಾಲೆ ಕುಸಿಯುತ್ತದೆ, ಅದಕ್ಕೆ ಯಾವ ಸರಕಾರದ ಪಿತೂರಿಯೂ ಬೇಡ.

ಇಂಗ್ಲಿಷ್ ಮೀಡಿಯಮ್ಮಿಗೆ ಹೋದವರು ಗೆದ್ದರೇ ಎಂದರೆ ಅದೂ ಇಲ್ಲ. ಐದನೇ ಕ್ಲಾಸಿನ ಮಗು ಇಂಗ್ಲಿಷ್ ಪಾಠವನ್ನು ಪಟಪಟ ಓದುತ್ತದೆ. ಏನು ಓದಿದೆ ಎಂದು ತುಳುವಿನಲ್ಲಿ ಕೇಳಿದರೂ ಹೇಳಲು ಬರುವುದಿಲ್ಲ. ಕನ್ನಡ ಪತ್ರಿಕೆ ಕೊಟ್ಟರೆ ಅಕ್ಷರ ಕೂಡಿಸಲು ತಿಣುಕುತ್ತದೆ. ಫೀಸು ಕಟ್ಟಿದ ಸಮಾಧಾನ ಅಪ್ಪ ಅಮ್ಮನಿಗೆ.

ಹಾಗಾದರೆ ಕರ್ನಾಟಕಕ್ಕೆ ಸೇರಿದ್ದರೆ ಎಲ್ಲ ಸರಿಯಾಗುತ್ತಿತ್ತಾ ಎಂದು ನೀವು ಕೇಳಬಹುದು. ತಲಪಾಡಿ ಗೇಟು ದಾಟಿದರೆ ನಿಮ್ಮ ಕಡೆಯ ಲೆಕ್ಕವೂ ನಮಗೆ ಗೊತ್ತು. 2023ರಲ್ಲಿ ಕರ್ನಾಟಕದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ. 83.89. ಮರುವರ್ಷ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಹಾಕಿ ನಕಲು ತಡೆದರು, ಕೃಪಾಂಕ ಹೆಚ್ಚಿಸಿದ ಮೇಲೂ ಶೇ. 73.40ಕ್ಕೆ ಇಳಿಯಿತು. ಕ್ಯಾಮೆರಾ ಬಂದದ್ದರಿಂದ ಮಕ್ಕಳು ದಡ್ಡರಾಗಲಿಲ್ಲ. ಮೊದಲೂ ಅಷ್ಟೇ ಕಲಿತಿದ್ದರು, ಗೊತ್ತಾಗುತ್ತಿರಲಿಲ್ಲ ಅಷ್ಟೆ. ನಿಮ್ಮಲ್ಲಿ ಕೃಪಾಂಕ ಮಾಡಿದ ಕೆಲಸವನ್ನು ನಮ್ಮಲ್ಲಿ ಸಿಇ ಮಾರ್ಕ್ ಮಾಡುತ್ತಿದೆ. ಹಾಗಾಗಿ ನಾನು ಇದನ್ನು ಮಲಯಾಳಿ ಕನ್ನಡಿಗ ಜಗಳವಾಗಿ ನೋಡುವುದಿಲ್ಲ.

ಇಲ್ಲಿನ ಮಕ್ಕಳಿಗೆ ನಿಜ ಗೊತ್ತಾಗುವುದು ಹತ್ತು ಮುಗಿದ ಮೇಲೆ. ಪ್ಲಸ್ ವನ್, ಅಂದರೆ ಹನ್ನೊಂದನೇ ತರಗತಿ, ಸೇರಿದರೆ ಪುಸ್ತಕ ಇಂಗ್ಲಿಷಿನಲ್ಲಿ, ವಿವರಣೆ ಮಲಯಾಳದಲ್ಲಿ. ಮಂಗಳೂರಿಗೆ ಹೋಗಿ ಪಿಯುಸಿ ಸೇರಿದರೂ ವಿಜ್ಞಾನ ಇಂಗ್ಲಿಷಿನಲ್ಲೇ. ಹತ್ತರಲ್ಲಿ ತುಂಬ ಎ ಪ್ಲಸ್ ತಂದ ಮಗು ಮೊದಲ ಟೆಸ್ಟಿನಲ್ಲಿ ಬಿದ್ದು, ತಾನು ದಡ್ಡ ಎಂದು ನಂಬಿಬಿಡುತ್ತದೆ. ಕನ್ನಡದಲ್ಲಿ ಗಟ್ಟಿಯಾಗಿ ಕಲಿತಿದ್ದರೆ ಭಾಷೆ ಬದಲಾದರೂ ಆರು ತಿಂಗಳಲ್ಲಿ ಸುಧಾರಿಸಿಕೊಳ್ಳುತ್ತಿತ್ತು. ಹಾಗೆ ಸುಧಾರಿಸಿಕೊಂಡ ಮಕ್ಕಳನ್ನು ನಾನು ನೋಡಿದ್ದೇನೆ, ಒಳ್ಳೆಯ ಟೀಚರ್ ಸಿಕ್ಕಿದವರು ಅವರು.

ಶೇ. 30ರ ಹೊಸ ನಿಯಮವನ್ನು ನಾನು ಬೆಂಬಲಿಸುತ್ತೇನೆ. ಆದರೆ ಕನ್ನಡ ಬಾರದವರನ್ನು ಕನ್ನಡ ಕ್ಲಾಸಿಗೆ ಕಳಿಸುವುದನ್ನು ನಿಲ್ಲಿಸದೆ ಇದೊಂದನ್ನೇ ತಂದರೆ ಬೀಳುವವರು ನಮ್ಮ ಮಕ್ಕಳು, ಬೀಳಿಸಿದವರಿಗೆ ಏನೂ ಆಗುವುದಿಲ್ಲ. ಎರಡೂ ಒಟ್ಟಿಗೆ ಆಗಬೇಕು. ಇಂಟರ್‌ವ್ಯೂನಲ್ಲಿ ಕನ್ನಡದಲ್ಲಿ ಪಾಠ ಮಾಡಿಸಿ ನೋಡಲಿ, ನೋಡುವವರಿಗೂ ಕನ್ನಡ ಬರಲಿ. ಖಾಲಿ ಹುದ್ದೆ ಜೂನ್‌ನಲ್ಲೇ ತುಂಬಲಿ. ನಾವು ಪೋಷಕರು ವಾರಕ್ಕೊಮ್ಮೆಯಾದರೂ ಮಗುವನ್ನು ಕೂರಿಸಿ ಒಂದು ಪುಟ ಓದಿಸಿ, ಏನು ಅರ್ಥವಾಯಿತು ಎಂದು ಮನೆಮಾತಿನಲ್ಲಿ ಕೇಳೋಣ. ಬರುವುದಿಲ್ಲವಾದರೆ ಹತ್ತನೇ ಕ್ಲಾಸಿನವರೆಗೆ ಕಾಯದೆ ಎರಡರಲ್ಲೇ ಹೋಗಿ ಟೀಚರ ಹತ್ತಿರ ಮಾತಾಡೋಣ.

ನೀವು ಅಲ್ಲಿಂದ ಏನು ಮಾಡಬಹುದು ಎಂದೂ ಕೇಳಿದ್ದೀರಿ. ನವೆಂಬರ್‌ನಲ್ಲಿ ಬಾವುಟ, ಶಾಲು ಹಿಡಿದು ಬರುವವರು ಸಾಕಷ್ಟು ಮಂದಿ ಇದ್ದಾರೆ, ಅವರ ಪ್ರೀತಿಗೆ ನಾವು ಋಣಿ. ನಮಗೆ ಬೇಕಾದ್ದು ಎಂಟರಿಂದ ಹತ್ತರವರೆಗಿನ ಗಣಿತ, ವಿಜ್ಞಾನವನ್ನು ಸುಲಭ ಕನ್ನಡದಲ್ಲಿ ಹೇಳುವ ಪುಸ್ತಕಗಳು, ರಜೆಯಲ್ಲಿ ಬಂದು ಒಂದು ವಾರ ಮಕ್ಕಳ ಜೊತೆ ಕೂರುವ ವಿಜ್ಞಾನದ ಮಾಷ್ಟ್ರುಗಳು. ನಿಮ್ಮ ಪರಿಚಯದಲ್ಲಿ ಅಂಥ ನಿವೃತ್ತ ಮಾಷ್ಟ್ರು ಯಾರಾದರೂ ಇದ್ದರೆ ಕಳಿಸಿಕೊಡಿ. ಊಟ, ಉಳಿಯುವ ವ್ಯವಸ್ಥೆ ನಾವು ನೋಡಿಕೊಳ್ಳುತ್ತೇವೆ.