ಶಾಸಕರ ಮನೆ ಬಾಗಿಲಲ್ಲಿ ದಿನ ಕಳೆಯಬೇಡಿ

(ಸಕಲೇಶಪುರ ತಾಲ್ಲೂಕಿನ ಓದುಗರೊಬ್ಬರ ನಾಲ್ಕು ಪುಟಗಳ ಪತ್ರದ ತಿರುಳು: ತೋಟದಲ್ಲಿ ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ತಮ್ಮನ ಮುಂಗೈ ಮೂಳೆ ಮುರಿಯಿತು. ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಪ್ಲಾಸ್ಟರ್ ಹಾಕಿದರು. ರಾತ್ರಿಯಿಡೀ ನೋವೆಂದು ಕೂಗಿದರೂ, ಬೆರಳು ನೀಲಿಗಟ್ಟಿದರೂ ಯಾರೂ ಬಿಚ್ಚಿ ನೋಡಲಿಲ್ಲ. ಈಗ ಬೆರಳುಗಳು ಮಡಚಿಕೊಂಡೇ ಉಳಿದಿವೆ. ಹದಿನಾಲ್ಕು ತಿಂಗಳಿಂದ ಪರಿಹಾರಕ್ಕಾಗಿ ಶಾಸಕರ ಬಳಿ ಅಲೆಯುತ್ತಿದ್ದೇವೆ. ಅಮೆರಿಕದ ಫ್ಲಾರಿಡಾದಲ್ಲಿ ಇಂಥವರಿಗೆ ಶಾಸನಸಭೆಯೇ ಮಸೂದೆ ತಂದು ಹಣ ಕೊಡುತ್ತದಂತೆ. ನಮ್ಮ ವಿಧಾನಸಭೆಗೆ ಯಾಕಾಗದು? – ಸಂ.)

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಹಾಕಿದ ಪ್ಲಾಸ್ಟರ್ ಬಿಗಿಯಾಗಿ ರಕ್ತಸಂಚಾರ ನಿಂತರೆ ಕೆಲವೇ ಗಂಟೆಗಳಲ್ಲಿ ಸ್ನಾಯು ಸಾಯುತ್ತದೆ. ಸಕಾಲಕ್ಕೆ ಕತ್ತರಿಸಿ ಸಡಿಲಿಸಿದರೆ ಕೈ ಉಳಿಯುವ ಸಾಧ್ಯತೆ ಹೆಚ್ಚು. ಮೂಳೆ ವೈದ್ಯರಿಗೆ ಇದು ಹೊಸ ವಿದ್ಯೆಯಲ್ಲ, ಮೊದಲ ಪಾಠ. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಸಿಟ್ಟನ್ನು ಹೊತ್ತು ನೀವು ತಟ್ಟುತ್ತಿರುವ ಬಾಗಿಲು ಮಾತ್ರ ಸರಿಯಲ್ಲ.

ಫ್ಲಾರಿಡಾದ ವಿಷಯ ನಿಜ. ಆದರೆ ಅದನ್ನು ಔದಾರ್ಯವೆಂದು ತಿಳಿಯಬೇಡಿ. ಅಲ್ಲಿ ಸರ್ಕಾರಿ ಆಸ್ಪತ್ರೆಯ ತಪ್ಪು ಸಾಬೀತಾದರೂ ಒಬ್ಬ ವ್ಯಕ್ತಿಗೆ ಸಿಗುವ ಪರಿಹಾರಕ್ಕೆ ಕಾನೂನೇ 2 ಲಕ್ಷ ಡಾಲರ್‌ನ ಮಿತಿ ಹಾಕಿಕೊಂಡು ಬಂದಿದೆ. ತೀರ್ಪು ಎಷ್ಟೇ ದೊಡ್ಡ ಮೊತ್ತಕ್ಕೆ ಬಂದಿರಲಿ, ಮಿತಿಗಿಂತ ಮೇಲಿನದು ಬೇಕಾದರೆ ಆ ಒಬ್ಬರ ಹೆಸರಿನಲ್ಲೇ ಮಸೂದೆ ಮಂಡನೆಯಾಗಿ ಎರಡೂ ಸದನಗಳಲ್ಲಿ ಅಂಗೀಕಾರವಾಗಬೇಕು. ಮಂಡಿಸಲು ಮನಸ್ಸಿರುವ ಸದಸ್ಯ ಸಿಗಬೇಕು, ಅಧಿವೇಶನ ಮುಗಿಯುವುದರೊಳಗೆ ಸರದಿ ಬರಬೇಕು. ಬಾರದಿದ್ದರೆ ಮುಂದಿನ ವರ್ಷ, ಅದರ ಮುಂದಿನ ವರ್ಷ. ಗೆದ್ದ ಮೇಲೂ ಕೈಮುಗಿದು ನಿಲ್ಲುವಂತೆ ಮಾಡುವ ಏರ್ಪಾಡು ಅದು. ಶಾಸಕರ ಕಚೇರಿಯಲ್ಲಿ ‘ಮುಂದಿನ ವಾರ ಬನ್ನಿ’ ಕೇಳಿಸಿಕೊಂಡ ನಿಮಗೆ ಅದರ ರುಚಿ ವಿವರಿಸಬೇಕಾಗಿಲ್ಲ.

ನಮ್ಮಲ್ಲಿ ಆ ಮಿತಿಯಿಲ್ಲ. 1996ರಲ್ಲಿ ಚೆನ್ನೈನ ಎಗ್ಮೋರ್ ಸರ್ಕಾರಿ ಆಸ್ಪತ್ರೆಯಲ್ಲಿ ಅವಧಿಗೆ ಮುನ್ನ ಹುಟ್ಟಿದ ಹೆಣ್ಣುಮಗುವಿನ ಕಣ್ಣಿನ ತಪಾಸಣೆ ಮಾಡಿಸದೆ ಬಿಟ್ಟದ್ದರಿಂದ ದೃಷ್ಟಿಯೇ ಹೋಯಿತು. 2015ರಲ್ಲಿ ಸುಪ್ರೀಂ ಕೋರ್ಟ್ 1.8 ಕೋಟಿ ರೂಪಾಯಿ ಕೊಡಿಸಿತು. ಅದಕ್ಕೆ ಯಾವ ಮಸೂದೆಯೂ ಬೇಕಾಗಲಿಲ್ಲ. ಬೇಕಾದದ್ದು ಹತ್ತೊಂಬತ್ತು ವರ್ಷ ಎಂಬುದನ್ನೂ ಮುಚ್ಚಿಡುವುದಿಲ್ಲ. ಮಗು ಆ ಹೊತ್ತಿಗೆ ಯುವತಿಯಾಗಿದ್ದಳು.

ಹಾಗಾದರೆ ಶಾಸನಸಭೆಗೆ ಏನೂ ಕೆಲಸವಿಲ್ಲವೇ? ಇದೆ, ಆದರೆ ಅದು ನಿಮ್ಮ ತಮ್ಮನೊಬ್ಬನಿಗಾಗಿ ಮಾಡುವ ಕೆಲಸವಲ್ಲ. ಬೆಂಗಳೂರು–ಮಂಗಳೂರು ರಸ್ತೆಯಲ್ಲಿ ಗುರುತು ಸಿಗದ ಲಾರಿ ಗುದ್ದಿ ಹೋದರೆ, ಸತ್ತವರ ಮನೆಗೆ 2 ಲಕ್ಷ, ತೀವ್ರವಾಗಿ ಗಾಯಗೊಂಡವರಿಗೆ 50 ಸಾವಿರ ಎಂದು 2022ರಿಂದ ನಿಯಮವಿದೆ. ಯಾರ ತಪ್ಪು ಎಂಬ ವಿಚಾರಣೆಯಿಲ್ಲದೆ ಸಿಗುವ ಹಣ ಅದು. ಚಾಲಕನ ಮುಖವೇ ಕಾಣದ ಅಪಘಾತಕ್ಕೆ ದರಪಟ್ಟಿ ಇದೆ. ಕೇಸ್ ಷೀಟು, ಪಾಳಿ ಪುಸ್ತಕ, ಹಾಜರಿ ಎಲ್ಲವೂ ಇರುವ ಸರ್ಕಾರಿ ವಾರ್ಡಿನಲ್ಲಿ ಕೈ ಹೋದರೆ ಅಂಥದ್ದೊಂದು ಪಟ್ಟಿಯಿಲ್ಲ. ಶಾಸಕರನ್ನು ಕೇಳುವುದಾದರೆ ಇದನ್ನು ಕೇಳಿ. 2024ರಲ್ಲಿ ಬಳ್ಳಾರಿಯ ಬಾಣಂತಿಯರ ಸಾವು ಪತ್ರಿಕೆಗಳ ಮುಖಪುಟಕ್ಕೆ ಬಂದಾಗ ಸರ್ಕಾರ ಪರಿಹಾರ ಘೋಷಿಸಿತು. ಒಂಟಿಯಾಗಿ, ಸದ್ದಿಲ್ಲದೆ ಕೈ ಕಳೆದುಕೊಂಡವನಿಗೆ ಘೋಷಣೆ ಯಾರು ಮಾಡಬೇಕು?

ಈಗ ನಿಮ್ಮ ಕೈಲಿರುವ ದಾರಿ. ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಎರಡು ವರ್ಷದ ಗಡುವು. ಅದರಲ್ಲಿ ಹದಿನಾಲ್ಕು ತಿಂಗಳು ಭರವಸೆಗಳಲ್ಲೇ ಸವೆದಿದೆ. ಗಡುವು ಮೀರಿದರೆ ಕಾರಣ ಹೇಳಿ ಕೇಳಿಕೊಳ್ಳಬಹುದು, ಒಪ್ಪುವುದು ಬಿಡುವುದು ಆಯೋಗಕ್ಕೆ ಸೇರಿದ್ದು. ಎಲ್ಲರಿಗೂ ಎಲ್ಲವೂ ಉಚಿತವಾಗಿರುವ ಆಸ್ಪತ್ರೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುವುದಿಲ್ಲ. ಕೆಲವರಿಂದ ಶುಲ್ಕ ಪಡೆದು ಕೆಲವರಿಗೆ ಉಚಿತವಾಗಿ ನೋಡುವ ಆಸ್ಪತ್ರೆಯಾದರೆ ಉಚಿತ ರೋಗಿಯೂ ದೂರು ಕೊಡಬಹುದು. 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮಾತಿದು. ಬರಿಯ ನೋಂದಣಿ ಚೀಟಿಯ ಕಾಸು ಶುಲ್ಕವೆನಿಸುವುದಿಲ್ಲ. ಆದ್ದರಿಂದ ಆ ಆಸ್ಪತ್ರೆಯಲ್ಲಿ ವಿಶೇಷ ವಾರ್ಡಿಗೋ ಶಸ್ತ್ರಚಿಕಿತ್ಸೆಗೋ ಹಣ ತೆಗೆದುಕೊಳ್ಳುತ್ತಾರೆಯೇ ಎಂದು ವಿಚಾರಿಸಿ. ಅದು ಆಗದಿದ್ದರೆ ಸಿವಿಲ್ ನ್ಯಾಯಾಲಯ, ಹೈಕೋರ್ಟ್ ಇವೆ.

ಎಲ್ಲಕ್ಕಿಂತ ಮೊದಲು ಚಿಕಿತ್ಸೆಯ ದಾಖಲೆಗಳನ್ನು ಕೇಳಿ. ಕೇಳಿದ 72 ಗಂಟೆಗಳೊಳಗೆ ಕೊಡಬೇಕೆಂಬ ನಿಯಮವಿದೆ. ಸತಾಯಿಸಿದರೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿಯ ಅರ್ಜಿ ಹಾಕಿ. ಆ ರಾತ್ರಿ ನರ್ಸ್ ಏನು ಬರೆದಿದ್ದಾರೆ, ಎಷ್ಟು ಗಂಟೆಗೆ ಬರೆದಿದ್ದಾರೆ ಎಂಬುದರ ಮೇಲೆಯೇ ನಿಮ್ಮ ದೂರು ನಿಲ್ಲುವುದು. ಹಾಸನದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರ ನೆರವು ಉಚಿತ. ಅಂಗವೈಕಲ್ಯವಿರುವವರಿಗೆ ವರಮಾನದ ಮಿತಿಯೂ ಅಡ್ಡಬರುವುದಿಲ್ಲ. ಅಂದಹಾಗೆ, ತಮ್ಮ ಬಿದ್ದದ್ದು ಕೂಲಿ ಕೆಲಸದ ವೇಳೆ. ತೋಟದ ಮಾಲೀಕರಿಂದ ಬರಬೇಕಾದ ಪರಿಹಾರ ಬೇರೆಯೇ ಇದೆ, ಅದಕ್ಕೂ ಎರಡೇ ವರ್ಷ. ಪತ್ರದಲ್ಲಿ ಆ ಮಾತೇ ಇಲ್ಲ. ಮಾಲೀಕರ ದಾಕ್ಷಿಣ್ಯವೇ?

ನೀವು ಲಗತ್ತಿಸಿದ್ದ ಶಾಸಕರಿಗೆ ಬರೆದ ಮನವಿಯ ಪ್ರತಿಯನ್ನು ಹಿಂದಿರುಗಿಸುತ್ತಿದ್ದೇನೆ. ಮೂರು ಪುಟಗಳಿವೆ, ನಿಮ್ಮ ತಮ್ಮ ಆಸ್ಪತ್ರೆಗೆ ಸೇರಿದ ದಿನಾಂಕ ಎಲ್ಲೂ ಇಲ್ಲ. ದೂರಿನ ಮೊದಲ ಸಾಲಿನಲ್ಲೇ ಅದನ್ನು ಬರೆಯಿರಿ.