ಮರಿ ಎಷ್ಟು ಬಂತು ಅಂತ ಬರೆದಿಟ್ಟರೆ ಸಾಲದು

ಕೋಳಿ ಸಾಕಣೆ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನ್ನದು ಸಣ್ಣ ಹ್ಯಾಚರಿ. ಗಿರಿರಾಜ ಮತ್ತು ನಾಟಿ ಕ್ರಾಸ್ ಮರಿ ಮಾಡಿ ಮಾರುತ್ತೇನೆ. ಜನವರಿಯಲ್ಲಿ ನೂರು ಮೊಟ್ಟೆಗೆ 81 ಮರಿ ಬರುತ್ತಿತ್ತು, ಏಪ್ರಿಲ್ ಹೊತ್ತಿಗೆ 72ಕ್ಕೆ ಇಳಿಯಿತು. ಮೆಕ್ಯಾನಿಕ್ ಮೊಟ್ಟೆ ಸರಿ ಇಲ್ಲ ಅಂತಾರೆ. ಮೊಟ್ಟೆ ಕೊಡುವವರು ಮಷೀನ್ ನೋಡ್ಕೊಳ್ಳಿ ಅಂತಾರೆ. ಯಾರನ್ನು ನಂಬಲಿ?
- ಓದುಗರು, ದೊಡ್ಡಬಳ್ಳಾಪುರ

ಉತ್ತರ: ಸದ್ಯಕ್ಕೆ ಇಬ್ಬರನ್ನೂ ಬಿಡಿ. ಮರಿಯಾಗದೆ ಉಳಿದ ಮೊಟ್ಟೆಗಳನ್ನು ತಿಪ್ಪೆಗೆ ಎಸೆಯುತ್ತಿದ್ದೀರಲ್ವಾ? ಅವನ್ನು ಒಡೆದು ನೋಡಿ. ಉತ್ತರ ಅಲ್ಲಿದೆ.

72 ಅನ್ನೋದು ಒಂದೇ ಸಂಖ್ಯೆ, ಆದರೆ ಅದರೊಳಗೆ ಎರಡು ಬೇರೆ ಬೇರೆ ಕಥೆ ಇರಬಹುದು. ಸಾವಿರ ಮೊಟ್ಟೆ ಇಟ್ಟಿರಿ, 720 ಮರಿ ಬಂತು ಅಂದುಕೊಳ್ಳಿ. ಉಳಿದ 280ರಲ್ಲಿ 190 ಮೊಟ್ಟೆ ಫಲವೇ ಕಟ್ಟಿಲ್ಲದ ಬರಡು ಮೊಟ್ಟೆ ಆಗಿದ್ದರೆ, ಫಲ ಕಟ್ಟಿದ 810ರಲ್ಲಿ 720 ಮರಿಯಾಗಿದೆ. ಅಂದರೆ ಶೇ 89. ಮಷೀನ್ ಚೆನ್ನಾಗಿಯೇ ಕೆಲಸ ಮಾಡಿದೆ, ಹುಂಜಗಳ ಕಡೆ ನೋಡಬೇಕು. ಬರಡು ಮೊಟ್ಟೆ ಬರೀ 80 ಇದ್ದರೆ? ಫಲ ಕಟ್ಟಿದ 920ರಲ್ಲಿ 720, ಅಂದರೆ ಶೇ 78. ಈಗ ತೊಂದರೆ ಮೊಟ್ಟೆ ಶೇಖರಿಸಿದ ಕೋಣೆಯಲ್ಲಿದೆ, ಇಲ್ಲವೇ ಮಷೀನ್‌ನಲ್ಲಿದೆ. ಈ ಎರಡನ್ನೂ ಬೇರೆ ಮಾಡದೆ ಬರೀ 72 ಅಂತ ಬರೆದಿಟ್ಟರೆ ಜಗಳ ಮುಗಿಯೋದಿಲ್ಲ.

ಬೇರೆ ಮಾಡೋದು ಹೀಗೆ. ಏಳರಿಂದ ಹತ್ತನೇ ದಿನದೊಳಗೆ ಕತ್ತಲೆ ಕೋಣೆಯಲ್ಲಿ ಟಾರ್ಚ್ ಹಿಡಿದು ನೋಡಿ, ಖಾಲಿ ಕಾಣುವ ಮೊಟ್ಟೆಗಳನ್ನು ತೆಗೆಯಿರಿ. ಇಲ್ಲಿಗೇ ನಿಲ್ಲಿಸಬೇಡಿ, ಖಾಲಿ ಕಂಡದ್ದೆಲ್ಲ ಬರಡಲ್ಲ. ತಟ್ಟೆಗೆ ಒಡೆದು ಹಳದಿಯ ಮೇಲೆ ಕಣ್ಣಿಡಿ. ಸಣ್ಣಗೆ, ಗಟ್ಟಿಯಾಗಿ, ಅಂಚು ಒಡ್ಡೊಡ್ಡಾಗಿರುವ ಬಿಳಿ ಚುಕ್ಕೆ ಮಾತ್ರ ಇದ್ದರೆ ಅದು ಬರಡು. ಚುಕ್ಕೆ ಅಗಲವಾಗಿ ಕೆನೆಯಂತೆ ಹರಡಿದ್ದರೆ, ಅಥವಾ ದಾರದಷ್ಟು ಸಣ್ಣ ರಕ್ತದ ಉಂಗುರ ಕಂಡರೆ, ಭ್ರೂಣ ಬೆಳೆಯಲು ಶುರುವಾಗಿ ಮೊದಲ ದಿನಗಳಲ್ಲೇ ಸತ್ತಿದೆ. ಟಾರ್ಚ್ ಬೆಳಕಲ್ಲಿ ಎರಡೂ ಎಷ್ಟೋ ಸಲ ಒಂದೇ ಥರ ಕಾಣುತ್ತವೆ. ಹುಂಜಗಳ ಮೇಲೆ ಸುಮ್ನೆ ಆರೋಪ ಬರೋದು ಇಲ್ಲಿಂದಲೇ.

ಜನವರಿಯಿಂದ ಏಪ್ರಿಲ್‌ಗೆ ಇಳಿದಿದೆ ಅಂದಿದ್ದೀರಿ, ಹಾಗಾಗಿ ನನ್ನ ಮೊದಲ ಅನುಮಾನ ಬಿಸಿಲಿನ ಮೇಲೆ. ಕಾವಿಗಿಡುವ ಮೊದಲು ಮೊಟ್ಟೆ ಶೇಖರಿಸುವ ಕೋಣೆ 15ರಿಂದ 18 ಡಿಗ್ರಿ ಸೆಲ್ಸಿಯಸ್ ಇರಬೇಕು. ಶಾಖ 24 ಡಿಗ್ರಿ ದಾಟಿದರೆ ಭ್ರೂಣ ಅರೆಬರೆ ಬೆಳೆಯಲು ಶುರು ಮಾಡುತ್ತೆ. ಹಗಲು ಬಿಸಿ, ರಾತ್ರಿ ತಂಪು, ಮಧ್ಯಾಹ್ನದ ಬಿಸಿಲಲ್ಲಿ ವ್ಯಾನ್ ಪ್ರಯಾಣ, ಇದನ್ನೆಲ್ಲ ದಾಟಿ ಬಂದ ಮೊಟ್ಟೆ, ಮೊದಲ 18 ದಿನ ಕಾವು ಕೊಡುವ ಸೆಟ್ಟರ್‌ಗೆ ಹೋಗುವ ಮೊದಲೇ ಸೋತಿರುತ್ತೆ. ವಾರಕ್ಕಿಂತ ಜಾಸ್ತಿ ಇಟ್ಟುಕೊಂಡರೂ ದಿನದಿಂದ ದಿನಕ್ಕೆ ಮರಿ ಕಮ್ಮಿಯಾಗುತ್ತಾ ಹೋಗುತ್ತೆ.

21 ದಿನ ಕಳೆದ ಮೇಲೆ ಉಳಿದವನ್ನೂ ಒಡೆಯಿರಿ. ವಾಸನೆ ಬರುತ್ತೆ, ಕೈಗವಸು ಹಾಕ್ಕೊಳ್ಳಿ. ನಡುವಿನ ವಾರದಲ್ಲಿ ಸತ್ತವು ಸಾಮಾನ್ಯವಾಗಿ ತುಂಬ ಕಮ್ಮಿ ಇರುತ್ತವೆ. ಜಾಸ್ತಿ ಇದ್ದರೆ ತಾಯಿಕೋಳಿಗಳ ಮೇವಿನಲ್ಲಿ ವಿಟಮಿನ್ ಕೊರತೆ ಇದೆಯಾ, ಮೊಟ್ಟೆಗೆ ಕೊಳೆ ಸೇರಿದೆಯಾ ನೋಡಬೇಕು. ಪುಕ್ಕ ಬಂದು ಪೂರ್ತಿ ಬೆಳೆದು ಸತ್ತಿದ್ದರೆ ಶಾಖ, ತೇವಾಂಶ, ಗಾಳಿ, ಟ್ರೇ ತಿರುಗುವುದು ಎಲ್ಲವನ್ನೂ ಪರೀಕ್ಷಿಸಿ. ಮರಿಯ ತಲೆ ಚೂಪು ತುದಿಯಲ್ಲಿ ಸಿಕ್ಕಿದರೆ, ಮೊಟ್ಟೆಯನ್ನು ತಲೆಕೆಳಗಾಗಿ ಜೋಡಿಸಿರುವ ಸಾಧ್ಯತೆ ಹೆಚ್ಚು. ಅಗಲವಾದ ತುದಿ ಮೇಲಿರಬೇಕು, ಗಾಳಿಗೂಡು ಇರೋದು ಅಲ್ಲಿ. ಅವಸರದಲ್ಲಿ ಟ್ರೇ ತುಂಬುವವರು ತಪ್ಪೋದು ಇಲ್ಲೇ.

ಇನ್ನು ರಿಜಿಸ್ಟರ್. ಯಾವ ಫಾರಂನ ಯಾವ ಬ್ಯಾಚ್, ಕೋಳಿಗಳಿಗೆ ಎಷ್ಟು ವಾರ ವಯಸ್ಸು, ಕೋಳಿ ಮೊಟ್ಟೆ ಇಟ್ಟ ದಿನ, ಕಾವಿಗಿಟ್ಟ ದಿನ, ಟ್ರೇ ನಂಬರ್, ಬರಡು ಎಷ್ಟು, ಮೊದಲ ವಾರ, ನಡುವೆ, ಕೊನೆಗೆ ಸತ್ತದ್ದೆಷ್ಟು, ಕೊಳೆತದ್ದೆಷ್ಟು, ಒಳ್ಳೆ ಮರಿ ಎಷ್ಟು, ಕುಂಟು ಮರಿ ಎಷ್ಟು. ಬ್ಯಾಚ್ ಬ್ಯಾಚ್‌ಗೂ ಬೇರೆ ಸಾಲು, ಒಟ್ಟು ಹಾಕಿ ಬರೆದರೆ ಪ್ರಯೋಜನವಿಲ್ಲ. ಒಂದು ಟ್ರೇ ತೂಕವನ್ನೂ ಬರೆಯಿರಿ. 18ನೇ ದಿನದ ಹೊತ್ತಿಗೆ ಮೊಟ್ಟೆಯ ತೂಕ ಸುಮಾರು ಶೇ 12 ಇಳಿದಿರಬೇಕು. ಕಾವಿಗಿಡುವಾಗ ಟ್ರೇ ಬಿಟ್ಟು ಮೊಟ್ಟೆಯೇ 9 ಕೆಜಿ ಇದ್ದರೆ, ಕೊನೆಯ ಮೂರು ದಿನ ಮರಿ ಹೊರಬರುವ ಹ್ಯಾಚರ್‌ಗೆ ಹಾಕುವಾಗ 7.9 ಕೆಜಿ ಆಸುಪಾಸು ಬರಬೇಕು. ಇಳಿದದ್ದು ಕಮ್ಮಿಯಾದರೆ ತೇವಾಂಶ ಜಾಸ್ತಿ, ತುಂಬ ಇಳಿದಿದ್ದರೆ ತೇವಾಂಶ ಕಮ್ಮಿ. ಮಷೀನ್ ಮುಂದಿರುವ ಮೀಟರ್‌ಗಿಂತ ನಾನು ಈ ತಕ್ಕಡಿಯನ್ನೇ ಹೆಚ್ಚು ನಂಬುತ್ತೇನೆ.

ಪ್ರಶ್ನೆ: ಚೂಪು ಮೊಟ್ಟೆಯಲ್ಲಿ ಹುಂಜ, ದುಂಡು ಮೊಟ್ಟೆಯಲ್ಲಿ ಹೇಂಟೆ ಬರುತ್ತೆ ಅಂತ ನಮ್ಮಜ್ಜಿ ಹೇಳುತ್ತಾರೆ. ನಿಜವಾ?
- ಓದುಗರು, ಹಾಸನ

ಉತ್ತರ: ಇಲ್ಲ. ಮೊಟ್ಟೆಯ ಆಕಾರಕ್ಕೂ ಗಂಡು ಹೆಣ್ಣಿಗೂ ಸಂಬಂಧವಿಲ್ಲ. ಹೆಚ್ಚುಕಮ್ಮಿ ಅರ್ಧ ಅರ್ಧವೇ ಬರುತ್ತೆ. ತುಂಬ ಉದ್ದ, ತುಂಬ ದುಂಡು ಮೊಟ್ಟೆಗಳನ್ನು ಕಾವಿಗೆ ಇಡದಿರುವುದು ಒಳ್ಳೆಯದು. ಅವುಗಳಲ್ಲಿ ಮರಿಯಾಗೋದೇ ಕಮ್ಮಿ.

ಪ್ರಶ್ನೆ: ಕಂಪನಿಯವರು ಮರಿ, ಮೇವು ಕೊಡುತ್ತಾರೆ, ನಾನು ಬ್ರಾಯ್ಲರ್ ಸಾಕಿ ಕೊಡುತ್ತೇನೆ. ಈ ಸಲ ಬಂದ ಮರಿಗಳಲ್ಲಿ ಕೆಲವು ದಪ್ಪ, ಕೆಲವು ತೀರಾ ಸಣ್ಣ. ಕೇಳಿದರೆ ನಿಮ್ಮ ಶೆಡ್ ಸರಿ ಇಲ್ಲ ಅಂತಾರೆ. ನಾನೇನು ಬರೆದಿಟ್ಟುಕೊಳ್ಳಬೇಕು?
- ಓದುಗರು, ಮಾಗಡಿ

ಉತ್ತರ: ಮರಿ ಇಳಿಸಿದ ದಿನವೇ ತೂಗಿ. ನಾಲ್ಕೈದು ಬಾಕ್ಸ್ ಸಾಕು. ಮರಿಯ ತೂಕ ಮೊಟ್ಟೆಯ ತೂಕದ ಮೂರನೇ ಎರಡು ಭಾಗದಷ್ಟಿರುತ್ತೆ, 60 ಗ್ರಾಂ ಮೊಟ್ಟೆಗೆ ಸುಮಾರು 40 ಗ್ರಾಂ. ಆಗತಾನೆ ಮೊಟ್ಟೆಗೆ ಬಂದ ಎಳೇ ಕೋಳಿಯ ಮೊಟ್ಟೆ ಚಿಕ್ಕದು, ಮರಿಯೂ ಚಿಕ್ಕದು. ಎಳೇ ಬ್ಯಾಚಿನ ಮರಿ, ಹಳೇ ಬ್ಯಾಚಿನ ಮರಿ ಎರಡನ್ನೂ ಬೆರೆಸಿ ಒಂದೇ ಶೆಡ್‌ಗೆ ಬಿಟ್ಟರೆ ಸಣ್ಣವು ಮೇವಿನ ಹತ್ತಿರ ಹೋಗಲಾರದೆ ಹಿಂದೆ ಬೀಳುತ್ತವೆ. ಅದಕ್ಕೆ ನಿಮ್ಮ ಶೆಡ್ ಕಾರಣ ಅಲ್ಲ. ಆದ್ದರಿಂದ ಡೆಲಿವರಿ ಚೀಟಿಯಲ್ಲಿ ತಾಯಿಕೋಳಿ ಬ್ಯಾಚಿನ ನಂಬರ್ ಮತ್ತು ವಯಸ್ಸು ಬರೆದುಕೊಡಿ ಅಂತ ಕೇಳಿ. ಅದು ಹ್ಯಾಚರಿಯವರ ಹತ್ತಿರ ಇರುವ ಮಾಹಿತಿಯೇ, ಕೇಳೋದರಲ್ಲಿ ತಪ್ಪೇನಿಲ್ಲ.

ಹೊಕ್ಕಳು ನೋಡಿ, ಕಪ್ಪು ಗುಂಡಿಯಂತೆ ಉಬ್ಬಿದ್ದರೆ ಎಷ್ಟು ಮರಿಗೆ ಹಾಗಿದೆ ಅಂತ ಎಣಿಸಿ ಫೋಟೋ ತೆಗೆದಿಡಿ. ಮೊದಲು ಮೊಟ್ಟೆಯೊಡೆದು ಬಂದ ಮರಿ ಉಳಿದವುಗಳಿಗಾಗಿ ಹ್ಯಾಚರ್‌ನಲ್ಲೇ ಒಂದು ದಿನಕ್ಕಿಂತ ಹೆಚ್ಚು ಕಾದು, ಆಮೇಲೆ ಲಾರಿ ಹತ್ತಿ ಬಂದಿದ್ದರೆ ಕಾಲು ಒಣಗಿ ರಕ್ತನಾಳ ಎದ್ದು ಕಾಣುತ್ತೆ. ಮರುದಿನ ಎದೆಯ ಮೇಲಿನ ಚೀಲ ಮುಟ್ಟಿ ನೋಡಿ, ನೂರಕ್ಕೆ 95 ಮರಿಗೆ ಮೇವು ನೀರು ತುಂಬಿ ಮೆತ್ತಗಿರಬೇಕು. ಮೊದಲ ಏಳು ದಿನ ಸತ್ತ ಮರಿಗಳನ್ನು ದಿನ ದಿನ ಬೇರೆ ಬೇರೆ ಬರೆಯಿರಿ. ವಾರದ ಕೊನೆಗೆ ಒಟ್ಟು ಬರೆದರೆ, ಮರಿ ಸೊರಗಿಯೇ ಬಂದಿದ್ದವಾ ಅಥವಾ ನಿಮ್ಮಲ್ಲಿ ಬಂದ ಮೇಲೆ ಕೆಟ್ಟವಾ ಅಂತ ಯಾರೂ ಹೇಳಲಾರರು.

ಪ್ರಶ್ನೆ: ನಾನಿರುವುದು ಅಮೆರಿಕದ ಜಾರ್ಜಿಯಾದಲ್ಲಿ. ಇಲ್ಲಿ ಕೃಷಿ ಇಲಾಖೆ ವಾರ ವಾರ ಎಷ್ಟು ಮೊಟ್ಟೆ ಕಾವಿಗಿಟ್ಟರು ಅಂತ ಪ್ರಕಟಿಸುತ್ತೆ. ಇದರಿಂದ ಯಾರಿಗೆ ಉಪಯೋಗ?
- ಓದುಗರು, ಅಟ್ಲಾಂಟಾ

ಉತ್ತರ: ಕೋಳಿ ಸಾಕುವವರು, ಮೆಕ್ಕೆಜೋಳ ಮಾರುವವರು, ಚಿಕನ್ ಕೊಳ್ಳುವ ಹೋಟೆಲಿನವರು, ಎಲ್ಲರಿಗೂ. ನಿಮ್ಮ ಜಾರ್ಜಿಯಾ ಆ ದೇಶದಲ್ಲಿ ಬ್ರಾಯ್ಲರ್‌ಗೆ ಮುಂಚೂಣಿಯ ರಾಜ್ಯ, ಹಾಗಾಗಿ ಸುತ್ತಮುತ್ತ ಕೇಳಿದರೂ ಗೊತ್ತಾಗುತ್ತೆ. ಇಡೀ ಅಮೆರಿಕದಲ್ಲಿ ವಾರಕ್ಕೆ ಸುಮಾರು 24 ಕೋಟಿ ಮೊಟ್ಟೆ ಕಾವಿಗೆ ಹೋಗುತ್ತವೆ, ಸುಮಾರು 19 ಕೋಟಿ ಮರಿ ಶೆಡ್ ಸೇರುತ್ತವೆ. ಕಾವಿಗೆ 21 ದಿನ, ಸಾಕಲು ಆರೇಳು ವಾರ. ಇವತ್ತಿನ ಮೊಟ್ಟೆಯ ಲೆಕ್ಕ ಒಂಬತ್ತು ಹತ್ತು ವಾರ ಆದ ಮೇಲಿನ ಮಾರುಕಟ್ಟೆಯನ್ನು ತೋರಿಸುತ್ತೆ. ಹತ್ತು ಹನ್ನೆರಡು ವರ್ಷದ ಹಿಂದೆ ನೂರಕ್ಕೆ 84ರ ಹತ್ತಿರ ಇದ್ದ ಮರಿ ಪ್ರಮಾಣ ಈಗ 80ರ ಆಸುಪಾಸಿಗೆ ಇಳಿದಿದೆ ಅನ್ನೋದೂ ಈ ವರದಿಗಳಿಂದಲೇ ಎಲ್ಲರಿಗೂ ಗೊತ್ತಾಗಿದ್ದು. 24 ಕೋಟಿಯಲ್ಲಿ ಶೇ 4 ಅಂದರೆ ವಾರಕ್ಕೆ 96 ಲಕ್ಷ ಮರಿ.

ಇಂಥ ಲೆಕ್ಕ ನಮ್ಮ ರೈತರಿಗೂ ಬೇಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಶ್ರಾವಣದಲ್ಲಿ ಎಷ್ಟೋ ಮನೆಯಲ್ಲಿ ಮಾಂಸ ಮಾಡೋದಿಲ್ಲ, ರೇಟು ಬೀಳುತ್ತೆ. ಆದರೆ ಆ ವಾರ ಮಾರಾಟಕ್ಕೆ ಬರುವ ಕೋಳಿಯ ಮೊಟ್ಟೆ ಎರಡು ತಿಂಗಳ ಹಿಂದೆಯೇ ಕಾವಿಗೆ ಹೋಗಿರುತ್ತೆ. ದೊಡ್ಡ ಕಂಪನಿಗೆ ತನ್ನ ಲೆಕ್ಕ ಗೊತ್ತು. ಸ್ವಂತ ದುಡ್ಡಲ್ಲಿ ಎರಡು ಸಾವಿರ ಮರಿ ತಂದು ಸಾಕುವವರಿಗೆ ಅದು ಗೊತ್ತಾಗೋದು ರೇಟು ಬಿದ್ದ ಮೇಲೆ. ಹ್ಯಾಚರಿಗಳಿಂದ ವಾರದ ಎರಡೇ ಸಂಖ್ಯೆ, ಕಾವಿಗಿಟ್ಟ ಮೊಟ್ಟೆ ಮತ್ತು ಮಾರಿದ ಮರಿ, ತರಿಸಿ ಒಟ್ಟು ಮೊತ್ತ ಪ್ರಕಟಿಸಲು ಪಶುಸಂಗೋಪನಾ ಇಲಾಖೆಗೆ ಕಷ್ಟವಾಗಬಾರದು. ಸದ್ಯಕ್ಕೆ, ಮರಿ ಬುಕ್ ಮಾಡುವ ಮೊದಲು ಎರಡು ಮೂರು ಹ್ಯಾಚರಿಗೆ ಫೋನ್ ಮಾಡಿ, ಮುಂದಿನ ಮೂರು ವಾರಕ್ಕೆ ಎಷ್ಟು ಮೊಟ್ಟೆ ಇಟ್ಟಿದ್ದಾರೆ, ಎಷ್ಟು ಮರಿ ಇನ್ನೂ ಬುಕ್ ಆಗಿಲ್ಲ ಅಂತ ಕೇಳಿ.