ತರಗತಿಯಲ್ಲೊಂದು ತಾಳಮದ್ದಳೆ

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ತಿರದ ಯು.ಪಿ. (ಹಿರಿಯ ಪ್ರಾಥಮಿಕ) ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ಆರನೇ ತರಗತಿಯಲ್ಲಿ 23 ಮಕ್ಕಳಿದ್ದಾರೆ. ಹೆಚ್ಚಿನವರ ಮನೆಮಾತು ತುಳು, ಕೆಲವರದ್ದು ಮಲಯಾಳ, ಬ್ಯಾರಿ, ಇಬ್ಬರದ್ದು ಮರಾಠಿ. ಪಾಠವನ್ನು ಒಬ್ಬೊಬ್ಬರಿಂದ ಒಂದೊಂದು ಪ್ಯಾರಾ ಓದಿಸುತ್ತೇನೆ. ನಾಲ್ಕೈದು ಮಂದಿಯನ್ನು ಬಿಟ್ಟರೆ ಉಳಿದವರಿಗೆ ಆಸಕ್ತಿಯೇ ಇಲ್ಲ. ಓದಿದ್ದು ಏನು ಅಂತ ಕೇಳಿದರೆ ತಲೆ ತಗ್ಗಿಸುತ್ತಾರೆ. ವಾಚನಾ ದಿನಕ್ಕೆ ಪ್ರತಿಜ್ಞೆ, ಪೋಸ್ಟರ್, ಕ್ವಿಜ್ ಎಲ್ಲ ಮಾಡಿದ್ದಾಯಿತು. ವಾರ ಕಳೆದರೆ ಮತ್ತೆ ಅದೇ ಕತೆ. ಏನು ಮಾಡಲಿ?

ಉತ್ತರ: ಟೀಚರೇ, ಮೊದಲು ಆ ಪ್ಯಾರಾ ಸರದಿಯನ್ನು ನಿಲ್ಲಿಸಿ. ನಾನೂ ಎಷ್ಟೋ ವರ್ಷ ಹಾಗೆಯೇ ಓದಿಸಿದವಳು. ಒಂದು ದಿನ ಹಿಂದಿನ ಬೆಂಚಿನ ಬಳಿ ನಿಂತಿದ್ದಾಗ ಒಬ್ಬ ಹುಡುಗ ಬೆರಳಿನಲ್ಲಿ ಎಣಿಸುವುದು ಕಾಣಿಸಿತು: ಮುಂದೆ ಎಷ್ಟು ಮಂದಿ ಇದ್ದಾರೆ, ತನಗೆ ಯಾವ ಪ್ಯಾರಾ ಬರುತ್ತದೆ ಎಂಬ ಲೆಕ್ಕ. ತನ್ನ ಪ್ಯಾರಾವನ್ನು ಒಳಗೊಳಗೇ ಉರು ಹೊಡೆಯುತ್ತಿದ್ದ. ಬೇರೆಯವರು ಓದಿದ್ದು ಅವನ ಕಿವಿಗೆ ಬೀಳಲೇ ಇಲ್ಲ. ಒಂದಕ್ಷರವೂ ತಪ್ಪದೆ ಓದಿದ ಹುಡುಗಿಯ ಹತ್ತಿರ "ಈಗ ಏನಾಯಿತು ಹೇಳು" ಎಂದರೆ, "ಯಾವ ಪ್ಯಾರಾದಲ್ಲಿ ಟೀಚರ್?" ಎಂದಳು. ಎಲ್ಲರ ಮುಂದೆಯೂ ಅದೇ ಪುಸ್ತಕ ತೆರೆದಿರುವಾಗ ಯಾರ ಓದೂ ಯಾರಿಗೂ ಬೇಕಾಗಿಲ್ಲ. ಕೇಳುವವರಿಲ್ಲದ ಕಡೆ ಗಟ್ಟಿಯಾಗಿ ಓದುವುದೆಂದರೆ ಮಕ್ಕಳಿಗೆ ಅದೊಂದು ಶಿಕ್ಷೆ.

ಓದಿಗೆ ಒಬ್ಬ ಕೇಳುಗ ಬೇಕು, ಓದಲು ಒಂದು ಕಾರಣ ಬೇಕು. ಎರಡನ್ನೂ ಒದಗಿಸುವ ಕಲೆ ನಿಮ್ಮ ಊರಿನಲ್ಲೇ ಇದೆ: ತಾಳಮದ್ದಳೆ. ಯಕ್ಷಗಾನ ಪ್ರಸಂಗಗಳನ್ನು ಬರೆದ ಪಾರ್ತಿಸುಬ್ಬನ ಸೀಮೆ ನಿಮ್ಮದು. ತಾಳಮದ್ದಳೆಯಲ್ಲಿ ಯಕ್ಷಗಾನದ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ ಹಾಡುತ್ತಾರೆ, ಅರ್ಥಧಾರಿ ಆ ಪದದ ಅರ್ಥವನ್ನು ತನ್ನ ಮಾತಿನಲ್ಲಿ ಬೆಳೆಸುತ್ತಾನೆ, ಎದುರಿನವನು ಅದಕ್ಕೆ ಪ್ರಶ್ನೆ ಹಾಕುತ್ತಾನೆ. ನಾವು ಅಧ್ಯಾಪಕ ತರಬೇತಿಯಲ್ಲಿ "ಗ್ರಹಿಕೆ" ಎಂದು ಬೋರ್ಡಿನ ಮೇಲೆ ಬರೆಯುತ್ತೇವಲ್ಲ, ಅದೇ ಇದು.

ತರಗತಿಯಲ್ಲಿ ಹೀಗೆ ಮಾಡಿ. ಇಬ್ಬರ ನಡುವೆ ವಾದಕ್ಕೆ ಎಡೆಯಿರುವ ಒಂದು ಪಾಠವೋ ಕತೆಯೋ ಆರಿಸಿಕೊಳ್ಳಿ. ಹತ್ತು ನಿಮಿಷ ಎಲ್ಲರೂ ಮನಸ್ಸಿನಲ್ಲೇ ಓದಲಿ, ಆದರೆ ಸುಮ್ಮನೆ ಅಲ್ಲ. ಅರ್ಧ ತರಗತಿ ಒಬ್ಬನ ಪಕ್ಷಕ್ಕೆ, ಉಳಿದರ್ಧ ಇನ್ನೊಬ್ಬನ ಪಕ್ಷಕ್ಕೆ ಮಾತು ಹುಡುಕುತ್ತಾ ಓದಬೇಕು. ಆಮೇಲೆ ಪುಸ್ತಕ ಮುಚ್ಚಿಸಿ. ಭಾಗವತನ ಕೈಯಲ್ಲಿ ಮಾತ್ರ ಪುಸ್ತಕ. ಅವನು ನಾಲ್ಕೈದು ಸಾಲು ಗಟ್ಟಿಯಾಗಿ ಓದಿ ನಿಲ್ಲಿಸುತ್ತಾನೆ, ಚಾಪೆಯ ಮೇಲೆ ಎದುರುಬದುರು ಕೂತ ಇಬ್ಬರು ಅರ್ಥ ಹೇಳುತ್ತಾರೆ. ಪುಸ್ತಕ ಮುಚ್ಚಿದ ಮೇಲೆ ಭಾಗವತನ ಓದನ್ನು ಕೇಳದೆ ಗತಿಯಿಲ್ಲ, ನೋಡಿ. ಯಾರಾದರೂ ಇಲ್ಲದ್ದನ್ನು ಹೇಳಿದರೆ ಸಭೆಯಲ್ಲಿ ಕೂತವರು "ಪುಸ್ತಕದಲ್ಲಿ ಎಲ್ಲಿದೆ?" ಎಂದು ಕೇಳಬಹುದು. ಆಗ ಆ ಸಾಲನ್ನು ಹುಡುಕಿ ಓದಿ ತೋರಿಸಬೇಕು. ನನ್ನ ಅನುಭವದಲ್ಲಿ ಅತ್ಯಂತ ಗಮನವಿಟ್ಟು ನಡೆಯುವ ಓದು ಅದು, ಆ ಹುಡುಕಾಟದ ಓದು.

ಬಾವಿ ಮಾರಿದವನು "ಮಾರಿದ್ದು ಬಾವಿ ಮಾತ್ರ, ನೀರಲ್ಲ" ಎಂದು ತಕರಾರು ತೆಗೆಯುವ ಹಳೆಯ ಜಾನಪದ ಕತೆ ನಿಮಗೆ ಗೊತ್ತಿರಬೇಕು. ಅದನ್ನು ಒಮ್ಮೆ ಹೀಗೆ ಮಾಡಿಸಿದ್ದೆ. ಬಾವಿ ಕೊಂಡವನ ಪಾತ್ರ ಚೀಟಿಯಲ್ಲಿ ಬಂದದ್ದು, ವರ್ಷವಿಡೀ ಬಾಯಿ ತೆರೆಯದ ಒಬ್ಬ ಹುಡುಗನಿಗೆ. ಮೊದಲು ತುಳುವಿನಲ್ಲೇ ಹೇಳಲು ಬಿಟ್ಟೆ. ಎರಡನೇ ಸಲ ಕನ್ನಡದಲ್ಲಿ ಹೇಳಿದ: "ವಿಷು ಕಳೆದ ಮೇಲೆ ಬಾವಿ ಬತ್ತುತ್ತದೆ. ಆಗ ನಿನ್ನ ನೀರು ಎಲ್ಲಿಗೆ ಹೋಯಿತು ಅಂತ ನಾನು ನಿನ್ನನ್ನು ಹುಡುಕಿಕೊಂಡು ಬರಬೇಕಾ?" ಈ ಮಾತು ಪುಸ್ತಕದಲ್ಲಿಲ್ಲ. ಆದರೆ ಈ ಮಾತಿಗೆ ಬರಲು ಅವನು ಆ ಒಂದೂವರೆ ಪುಟವನ್ನು ಮೂರು ಸಲ ಓದಿದ್ದ. ನಾನು ಹೇಳಿ ಓದಿಸಿದ್ದಲ್ಲ.

ಎರಡು ಮಾತು ನೆನಪಿಡಿ. ಪಾತ್ರಗಳನ್ನು ಚೀಟಿ ಎತ್ತಿಯೇ ಹಂಚಿ. ಇಲ್ಲದಿದ್ದರೆ ಮಾತುಗಾರ ಮಕ್ಕಳು ಮೂರೇ ಮಂದಿ ಸೇರಿ ಪ್ರಸಂಗ ಮುಗಿಸುತ್ತಾರೆ. ಎರಡನೆಯದಾಗಿ, ಓದುವಾಗ ನಡುವೆ ತಡೆದು ಉಚ್ಚಾರ ತಿದ್ದಬೇಡಿ. "ಭಾಗ"ವನ್ನು "ಬಾಗ" ಎಂದನೇ, ಗುರುತು ಹಾಕಿಕೊಳ್ಳಿ, ಕೊನೆಗೆ ಎಲ್ಲರಿಗೂ ಸೇರಿಸಿ ಹೇಳಿ. ಮನೆಯಲ್ಲಿ ಮಹಾಪ್ರಾಣವೇ ಕೇಳದ ಮಗುವಿಗೆ ಅದು ಕಿವಿಯ ಅಭ್ಯಾಸದಿಂದ ಬರಬೇಕು, ಗದರಿಕೆಯಿಂದ ಬರುವುದಿಲ್ಲ. ಶಾಲಾ ವಾರ್ಷಿಕೋತ್ಸವಕ್ಕೆ ಇದನ್ನು ಮೈಕು, ಮುಂಡಾಸು ಸಮೇತ ವೇದಿಕೆ ಹತ್ತಿಸುವ ಆಸೆಯೂ ಬೇಡ ಎಂದು ಕೇಳಿಕೊಳ್ಳುತ್ತೇನೆ. ಅಲ್ಲಿಗೆ ಮತ್ತೆ ನಾಲ್ಕು ಮಕ್ಕಳ ಬಾಯಿಪಾಠವಾಗುತ್ತದೆ.

ವಾಚನಾ ದಿನದ ಬಗ್ಗೆ: ಜೂನ್ 19, ಕೇರಳದ ಗ್ರಂಥಾಲಯ ಚಳವಳಿಯ ಪಿ. ಎನ್. ಪಣಿಕ್ಕರ್ ತೀರಿಕೊಂಡ ದಿನ. ಊರೂರು ಅಲೆದು ಓದುವ ಕೋಣೆಗಳನ್ನು ಕಟ್ಟಿಸಿದವರನ್ನು ಪ್ರತಿಜ್ಞೆಗಿಂತ ಒಂದು ಕತೆ ಓದಿಯೇ ನೆನೆಯಬಹುದು. ಬರುವ ವರ್ಷ ಅಂದು ಮೊದಲ ತಾಳಮದ್ದಳೆ ಇಟ್ಟುಕೊಳ್ಳಿ, ಆಮೇಲೆ ಪ್ರತಿ ಶುಕ್ರವಾರ ಒಂದು ಪಿರಿಯಡ್.

ಪ್ರಶ್ನೆ: ಐದನೇ ತರಗತಿಯಲ್ಲೂ ಅಕ್ಷರ ಅಕ್ಷರ ಕೂಡಿಸಿ ಓದುವ ಮಕ್ಕಳಿದ್ದಾರೆ. ಒತ್ತಕ್ಷರ ಬಂತೆಂದರೆ ನಿಂತೇಬಿಡುತ್ತಾರೆ. ಇವರಿಗೆ ಕತೆ, ಚಟುವಟಿಕೆ ಎಲ್ಲ ಏನು ಪ್ರಯೋಜನ? ಮೊದಲು ಕಾಗುಣಿತ ಬರೆಸುವುದೇ ಒಳ್ಳೆಯದಲ್ಲವೇ? — ಮಂಜೇಶ್ವರ ಉಪಜಿಲ್ಲೆಯ ಅಧ್ಯಾಪಕ

ಉತ್ತರ: ಮಾಸ್ತರರೇ, ನಿಮ್ಮ ಆತಂಕ ಅರ್ಥವಾಗುತ್ತದೆ. ಆದರೆ ಆ ಮಕ್ಕಳನ್ನು ಹಿಂದುಳಿದವರೆಂದು ಬೇಗ ಬರೆದಿಡಬೇಡಿ. ವರ್ಣಮಾಲೆಯಲ್ಲಿ 49 ಅಕ್ಷರ ಎನ್ನುತ್ತೇವೆ. ಆದರೆ 34 ವ್ಯಂಜನಗಳ ಕಾಗುಣಿತ ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನಾನೂರು ದಾಟುತ್ತವೆ, ಒತ್ತಕ್ಷರಗಳು ಬೇರೆ. ಕನ್ನಡ ಕಲಿಯುವ ಮಕ್ಕಳ ಮೇಲೆ ಸೊನಾಲಿ ನಾಗ್ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಕಂಡದ್ದು: ಅಕ್ಷರ ಕಲಿಕೆ ಒಂದನೇ ತರಗತಿಗೆ ಮುಗಿಯುವುದಿಲ್ಲ, ನಾಲ್ಕನೇ ತರಗತಿಯಲ್ಲೂ ಮುಂದುವರಿಯುತ್ತಿರುತ್ತದೆ. ಕನ್ನಡ ಶಾಲೆಯಲ್ಲಿ ಮಾತ್ರ ಕೇಳುವ ಮಗುವಿಗೆ ಇನ್ನೂ ಸ್ವಲ್ಪ ಹೆಚ್ಚು ಸಮಯ ಬೇಕು. ಕಾಗುಣಿತ ಬೇಡ ಎನ್ನುವುದಿಲ್ಲ, ಆದರೆ ಬರೀ ಕಾಗುಣಿತ ಬರೆಸಿದರೆ ಮಗುವಿಗೆ ಓದುವುದು ಯಾಕೆಂದು ತಿಳಿಯುವುದೇ ಇಲ್ಲ.

ಒತ್ತಕ್ಷರಕ್ಕೆ ನಾನು ಬಳಸುವುದು ಬಸ್ಸಿನ ಬೋರ್ಡು. ನಿಮ್ಮ ಸುತ್ತಲಿನ ಊರುಗಳ ಹೆಸರು ಒಮ್ಮೆ ಬರೆದು ನೋಡಿ: ಉಪ್ಪಳದಲ್ಲಿ ಪ್ಪ, ಪುತ್ತಿಗೆಯಲ್ಲಿ ತ್ತಿ, ಮುಳ್ಳೇರಿಯದಲ್ಲಿ ಳ್ಳೇ, ಬದಿಯಡ್ಕದಲ್ಲಿ ಡ್ಕ, ಮಂಜೇಶ್ವರದಲ್ಲಿ ಶ್ವ, ಎಣ್ಮಕಜೆಯಲ್ಲಿ ಣ್ಮ, ಪೆರ್ಲದಲ್ಲಿ ಅರ್ಕಾವತ್ತು. ಒತ್ತಕ್ಷರದ ಅರ್ಧ ಪಾಠ ಈ ಊರುಗಳಲ್ಲೇ ಇದೆ! ಮಗುವಿಗೆ ಆ ಹೆಸರುಗಳು ಬಾಯಲ್ಲಿವೆ, ಅಜ್ಜಿಮನೆ ಅಲ್ಲಿದೆ. ಕಣ್ಣಿಗೆ ಮಾತ್ರ ಹೊಸದು. ರಟ್ಟಿನಲ್ಲಿ ಬೋರ್ಡು ಬರೆದು ತರಗತಿಯ ನಾಲ್ಕು ಮೂಲೆಗೆ ತೂಗುಹಾಕಿ. ಒಬ್ಬ ಕಂಡಕ್ಟರ್. ಅವನ ಕೈಯ ಚೀಟಿಯಲ್ಲಿ "ಕುಂಬಳೆ, ಸೀತಾಂಗೋಳಿ, ಬದಿಯಡ್ಕ, ಮುಳ್ಳೇರಿಯ" ಎಂದಿರುತ್ತದೆ. ಓದಿ ಕೂಗಬೇಕು, ಪ್ರಯಾಣಿಕರು ಸರಿಯಾದ ಬೋರ್ಡಿನ ಕೆಳಗೆ ಹೋಗಿ ನಿಲ್ಲಬೇಕು. ಎರಡನೇ ವಾರ ಚೀಟಿಯಲ್ಲಿ ಹೆಸರಿನ ಬದಲು ವಾಕ್ಯ ಬರಲಿ: "ಅಡಕೆ ಮಾರಲು ಹೊರಟವರು ಇಲ್ಲಿ ಇಳಿಯಿರಿ."

ಇನ್ನೊಂದು ಉಪಾಯ ಅದೇ ಭಾಗವನ್ನು ಮತ್ತೆ ಮತ್ತೆ ಓದಿಸುವುದು. ಅಮೆರಿಕದ ಜೇ ಸ್ಯಾಮುಯೆಲ್ಸ್ 1979ರಲ್ಲೇ ಬರೆದ ವಿಧಾನ ಇದು: ಐವತ್ತರಿಂದ ಇನ್ನೂರು ಶಬ್ದಗಳ ಚಿಕ್ಕ ಭಾಗ, ಸರಾಗವಾಗುವ ತನಕ ಮರು ಓದು. ಹಾಗೆಂದು ಕಾರಣ ಕೊಡದೆ ನಾಲ್ಕು ಸಲ ಓದಿಸಿದರೆ ಯಾವ ಮಗುವಿಗೂ ಬೇಸರವಾಗುತ್ತದೆ. ನಾಳೆ ಇವನೇ ಒಂದನೇ ತರಗತಿಯ ಮಕ್ಕಳಿಗೆ ಕತೆ ಓದುವವನು ಎಂದು ಹೇಳಿ ನೋಡಿ, ಮನೆಯಲ್ಲಿ ಕೂತು ತಾನೇ ಹತ್ತು ಸಲ ಓದಿಕೊಂಡು ಬರುತ್ತಾನೆ. ಐದನೆಯವನಿಗೆ ಒಂದನೇ ತರಗತಿಯ ಪುಸ್ತಕ ಓದಲು ಇದರಿಂದ ನಾಚಿಕೆಯೂ ಆಗುವುದಿಲ್ಲ. ಅವನು ಓದುತ್ತಿರುವುದು ಚಿಕ್ಕವರಿಗಾಗಿ ತಾನೇ?

ಮಲಯಾಳ ಓದಬಲ್ಲ ಮಗುವಾದರೆ ಅದನ್ನು ಅಡ್ಡಿ ಎಂದುಕೊಳ್ಳಬೇಡಿ. ಎರಡೂ ವರ್ಣಮಾಲೆ ಸಾಗುವುದು ಒಂದೇ ಕ್ರಮದಲ್ಲಿ. ಎರಡು ಲಿಪಿಯ ಅಕ್ಷರಗಳನ್ನು ಜೋಡಿಜೋಡಿಯಾಗಿ ಗೋಡೆಗೆ ಅಂಟಿಸಿದರೆ ಸಾಕು.

ಪ್ರಶ್ನೆ: ನಮ್ಮ ಶಾಲೆಯ ಲೈಬ್ರರಿ ಪುಸ್ತಕಗಳು ಕಪಾಟಿನಲ್ಲಿ ಬೀಗದೊಳಗಿವೆ. ಕೊಟ್ಟರೆ ಹರಿಯುತ್ತವೆ, ಕಳೆದುಹೋಗುತ್ತವೆ. ಇರುವವೂ ದಪ್ಪ ಪುಸ್ತಕಗಳು, ಮಕ್ಕಳಿಗೆ ಹಿಡಿಸುವಂಥವಲ್ಲ. ದಾರಿ ಹೇಳಿ. — ಮುಖ್ಯೋಪಾಧ್ಯಾಯ, ಮುಳ್ಳೇರಿಯ ಸಮೀಪ

ಉತ್ತರ: ಬೀಗ ತೆಗೆಯಿರಿ ಸಾರ್. ಪುಸ್ತಕ ಇರುವುದು ಬಳಕೆಗೆ ಎಂಬುದನ್ನು ಎಸ್. ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯದ ಮೊದಲ ಸೂತ್ರವಾಗಿ ಬರೆದರು. ವರ್ಷಕ್ಕೆ ಹತ್ತು ಪುಸ್ತಕ ಹರಿದರೆ ಹತ್ತು ಪುಸ್ತಕ ಓದಿಸಿಕೊಂಡಿವೆ ಎಂದು ಅಧ್ಯಾಪಕರ ಎಸ್.ಆರ್.ಜಿ. ಸಭೆಯಲ್ಲಿ ಧೈರ್ಯವಾಗಿ ಹೇಳಿ. ವರಾಂಡದ ಕಂಬದಿಂದ ಕಂಬಕ್ಕೆ ಹಗ್ಗ ಕಟ್ಟಿ, ತೆಳ್ಳಗಿನ ಪುಸ್ತಕಗಳನ್ನು ಮುಖಪುಟ ಕಾಣುವ ಹಾಗೆ ತೂಗುಹಾಕಿ. ಕೊಟ್ಟದ್ದು ಬಂದದ್ದು ಬರೆಯಲು ಏಳನೇ ತರಗತಿಯ ಇಬ್ಬರು ಮಕ್ಕಳು ಸಾಕು.

ಹಿಡಿಸುವ ಪುಸ್ತಕ ಇಲ್ಲ ಎಂದಿರಲ್ಲ, ಅದನ್ನು ಮಕ್ಕಳೇ ಮಾಡಬಲ್ಲರು. ನಿಮ್ಮ ಕಡೆಯ ತೋಟಗಳಲ್ಲಿ ಸುರಂಗಗಳಿವೆ. ಮುರಕಲ್ಲಿನ ಗುಡ್ಡೆಯನ್ನು ಅಡ್ಡಕ್ಕೆ ಕೊರೆದು, ಒಳಗಿನ ಒರತೆಯನ್ನು ಪಂಪಿಲ್ಲದೆ ತೋಟಕ್ಕೆ ಹರಿಸುವ ಈ ವಿದ್ಯೆ ಎಲ್ಲ ಊರಲ್ಲೂ ಸಿಗುವಂಥದ್ದಲ್ಲ. ಅಗೆದವರು ಇನ್ನೂ ಕೆಲವರಿದ್ದಾರೆ. ಮಕ್ಕಳು ಹೋಗಿ ಕೇಳಿ ಬರಲಿ: ಎಲ್ಲಿ ಅಗೆಯಬೇಕೆಂದು ಹೇಗೆ ಗೊತ್ತಾಗುತ್ತದೆ? ಒಳಗೆ ದೀಪ ಯಾಕೆ ಒಯ್ಯುತ್ತಾರೆ? ದೀಪ ನಂದಿದರೆ ಗಾಳಿ ಸಾಲದು, ಹೊರಗೆ ಬರಬೇಕು ಎಂಬ ಉತ್ತರ ಕೇಳಿದಾಗ ಮಕ್ಕಳ ಕಣ್ಣು ನೋಡಬೇಕು ನೀವು.

ಬಂದ ಮೇಲೆ ಎ4 ಹಾಳೆಯೊಂದರಲ್ಲಿ ಎಂಟು ಪುಟದ ಪುಸ್ತಕ. ಹಾಳೆಯನ್ನು ಮೂರು ಸಲ ಅರ್ಧಕ್ಕೆ ಮಡಚಿ ಬಿಡಿಸಿದರೆ ಎಂಟು ಮನೆಯ ಗುರುತು ಬೀಳುತ್ತದೆ. ಮತ್ತೆ ಅಡ್ಡಕ್ಕೆ ಒಂದೇ ಮಡಿಕೆ ಮಾಡಿ, ಮಡಿಕೆಯ ಕಡೆಯಿಂದ ನಡುಗೆರೆಯ ಮೇಲೆ ಮುಂದಿನ ಗುರುತಿನ ತನಕ ಕತ್ತರಿಸಿ. ಬಿಡಿಸಿ, ಉದ್ದಕ್ಕೆ ಮಡಚಿ, ಎರಡು ತುದಿಗಳನ್ನು ಒಳಗೆ ತಳ್ಳಿ. ನಡುವಿನ ಸೀಳು ಬಾಯಿ ತೆರೆದುಕೊಂಡು ಪುಟಗಳು ಕೂಡಿಕೊಳ್ಳುತ್ತವೆ. ಅಂಟು ಬೇಡ, ಹೊಲಿಗೆ ಬೇಡ. ಪುಟಕ್ಕೆ ಎರಡೇ ವಾಕ್ಯ, ಒಂದು ಚಿತ್ರ. ಬರೆದವರ ಹೆಸರು ಮುಖಪುಟದಲ್ಲಿರಲಿ, ಹಿಂಬದಿ ಖಾಲಿ ಇರಲಿ. ಓದಿದವರು ಅಲ್ಲಿ ಒಂದು ಪ್ರಶ್ನೆ ಬರೆಯಬೇಕು. "ಸುರಂಗದಲ್ಲಿ ಬಾವಲಿ ಇದೆಯಾ?" ಎಂದು ಮೂರನೇ ತರಗತಿಯವನು ಬರೆದರೆ ಪುಸ್ತಕ ಬರೆದವಳು ಉತ್ತರ ಹುಡುಕಿಕೊಂಡು ಮತ್ತೆ ಮನೆಗೆ ಓಡುತ್ತಾಳೆ. ಹೀಗೇ ಅನಂತಪುರ ದೇವಸ್ಥಾನದ ಕೆರೆಯಲ್ಲಿದ್ದ ಬಬಿಯಾ ಮೊಸಳೆಯ ಬಗ್ಗೆ ಮಾಡಬಹುದು. 2022ರ ಅಕ್ಟೋಬರಿನಲ್ಲಿ ಅದು ಸತ್ತಾಗಿನ ಪತ್ರಿಕೆಗಳು ಯಾರ ಮನೆಯಲ್ಲಾದರೂ ಇದ್ದರೆ ತರಿಸಿ, ಅವೂ ಓದಾಗುತ್ತವೆ.

ಇಷ್ಟರ ಮೇಲೂ ಮುದ್ರಿತ ಪುಸ್ತಕ ಬೇಕೆಂದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಮಕ್ಕಳ ಕತೆಗಳು ಉಚಿತವಾಗಿ ಸಿಗುತ್ತವೆ. ಇಳಿಸಿಕೊಂಡು ಶಾಲೆಯ ಪ್ರಿಂಟರಿನಲ್ಲೇ ಅಚ್ಚು ಹಾಕಿ.

ಪ್ರಶ್ನೆ: ನಮ್ಮದು ಬ್ಯಾರಿ ಮಾತು. ನಾನು ಓದಿದ್ದು ಮಲಯಾಳದಲ್ಲಿ, ಕನ್ನಡ ಅಕ್ಷರ ಬರುವುದಿಲ್ಲ. ಮಗಳು ಕನ್ನಡ ಮಾಧ್ಯಮದಲ್ಲಿ ನಾಲ್ಕನೇ ತರಗತಿ. ಅವಳ ಓದಿಗೆ ನಾನು ಹೇಗೆ ಸಹಾಯ ಮಾಡುವುದು? ಈ ಪತ್ರವನ್ನೂ ಪಕ್ಕದ ಮನೆಯವರಿಂದ ಬರೆಸಿದ್ದೇನೆ. — ಒಬ್ಬ ತಾಯಿ, ಉಪ್ಪಳ

ಉತ್ತರ: ಅಮ್ಮಾ, ನೀವು ಪತ್ರ ಬರೆಸಿ ಕಳಿಸಿದ್ದು ನನಗೆ ತುಂಬ ಸಂತೋಷ ತಂದಿತು. ನಿಮಗೆ ಕನ್ನಡ ಓದಲು ಬಾರದಿರುವುದೇ ಇಲ್ಲಿ ಉಪಕಾರಕ್ಕೆ ಬರುತ್ತದೆ. ಪುಸ್ತಕದಲ್ಲಿ ಏನಿದೆ ಎಂದು ನಿಮಗೆ ಗೊತ್ತಿಲ್ಲ, ಅವಳಿಗೆ ಗೊತ್ತು. ಸಂಜೆ ನೀವು ಅಡುಗೆ ಮಾಡುವಾಗ ಅವಳು ಹತ್ತಿರ ಕೂತು ಒಂದು ಪುಟ ಕನ್ನಡದಲ್ಲಿ ಓದಲಿ. ಆಮೇಲೆ "ಎಂಥ ಆಯ್ತು ಅದರಲ್ಲಿ?" ಎಂದು ನಿಮ್ಮ ಮಾತಿನಲ್ಲೇ ಕೇಳಿ, ಅವಳು ಬ್ಯಾರಿಯಲ್ಲೇ ಹೇಳಲಿ. ಒಂದು ಭಾಷೆಯಲ್ಲಿ ಓದಿ ಇನ್ನೊಂದರಲ್ಲಿ ಹೇಳಬೇಕಾದರೆ ಅರ್ಥವಾಗದೆ ಆಗುವುದಿಲ್ಲ. ತಪ್ಪು ಓದಿದಳೋ ಎಂಬ ಚಿಂತೆ ನಿಮಗೆ ಬೇಡ, ಅದು ಟೀಚರ್ ಕೆಲಸ. ಕತೆ ತಾಳೆಯಾಗದಿದ್ದರೆ "ಅದು ಹೇಗೆ? ಮತ್ತೊಮ್ಮೆ ನೋಡು" ಎನ್ನಿ ಸಾಕು.

ಒಂದು ದಿನ ನೀವು ಮಲಯಾಳ ಪತ್ರಿಕೆಯಿಂದ ಚಿಕ್ಕದೊಂದು ಸುದ್ದಿಯನ್ನು ಅವಳಿಗೆ ಓದಿ ಹೇಳಿ. ಮರುದಿನ ಅದನ್ನು ಅವಳು ತರಗತಿಯಲ್ಲಿ ಕನ್ನಡದಲ್ಲಿ ಹೇಳಬೇಕು. ಟೀಚರಿಗೆ ಈ ಪುಟವನ್ನೇ ಕತ್ತರಿಸಿ ಕಳಿಸಿಕೊಡಿ, ಅವರು ಎರಡು ನಿಮಿಷ ಬಿಟ್ಟುಕೊಡುತ್ತಾರೆ.